ಮಾದರಿ ಮನುಷ್ಯನ ಬಲಭುಜ

ಎದುರಿಗೆ ನಿಂತಿರುವುದು ಮನುಷ್ಯನೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಆ ವರ್ಷದಿಂದ ಟೀವಿಯ ಮೇಲೆ ಕೂರುವ ಒಂದು ಕ್ಯಾಮೆರಾಕ್ಕೆ ಸೇರಿತು. ಯಾರೂ ತಕರಾರು ಮಾಡಲಿಲ್ಲ. ಅದುವರೆಗೆ ಆ ಕೆಲಸವನ್ನು ನೆರೆಹೊರೆಯವರು ಮಾಡುತ್ತಿದ್ದರು. ಅವರ ತೀರ್ಪಿಗಿಂತ ಇದು ಎಷ್ಟೋ ವಾಸಿ ಎಂದು ಎಲ್ಲರಿಗೂ ಅನಿಸಿತ್ತು.

ಕ್ಯಾಮೆರಾ ಮಾಡುವ ಕಂಪನಿಗಳು ಎರಡು. ಎರಡೂ ವಿಡಿಯೋ ಗೇಮ್ ಪೆಟ್ಟಿಗೆ ತಯಾರಿಸುತ್ತಿದ್ದವು. ಒಂದೇ ಬೀದಿಯ ಎರಡು ಬದಿಗೆ ಇದ್ದವು. ಜನ ಒಂದನ್ನು ಈ ಕಡೆಯವರು, ಇನ್ನೊಂದನ್ನು ಆ ಕಡೆಯವರು ಎನ್ನುತ್ತಿದ್ದರು. ಆ ಕಡೆಯವರ ಆಟಕ್ಕೆ ಕೈಯಲ್ಲಿ ದೀಪದ ಕೋಲು ಹಿಡಿಯಬೇಕಿತ್ತು. ಕ್ಯಾಮೆರಾ ಕೋಲನ್ನು ನೋಡುತ್ತಿತ್ತು, ಹಿಡಿದವನನ್ನು ನೋಡುತ್ತಿರಲಿಲ್ಲ. ಈ ಕಡೆಯವರು ಕೋಲೇ ಬೇಡ ಎಂದರು. ಇಡೀ ಮೈಯನ್ನೇ ನೋಡುವ ಕ್ಯಾಮೆರಾ ಬರಲಿದೆ ಎಂದು ಗೋಡೆಗೋಡೆಗೆ ಬರೆಸಿದರು: ‘ಕೈಯಲ್ಲಿ ಏನೂ ಬೇಡ. ಕೈ ಇದ್ದರೆ ಸಾಕು.’

ಮೈ ನೋಡುವ ಕ್ಯಾಮೆರಾಕ್ಕೆ ಮೊದಲು ಮೈ ಎಂದರೇನೆಂದು ಕಲಿಸಬೇಕು. ಅದಕ್ಕೊಬ್ಬ ಮನುಷ್ಯ ಬೇಕು. ಇಲ್ಲಿ ಗೋಪ್ಯತಾ ಸಮಿತಿಯ ನಿಯಮ ಅಡ್ಡ ಬಂತು. ಹೊರಗಿನವರು ಕ್ಯಾಮೆರಾ ನೋಡಕೂಡದು. ಅವರು ಆ ಕಡೆಗೆ ಸುದ್ದಿ ಕೊಡುತ್ತಾರೆ. ಒಳಗಿನವರೂ ನೋಡಕೂಡದು, ಅವರು ಆ ಕಡೆಗೇ ಹೋಗಿಬಿಡುತ್ತಾರೆ. ಸೋಸಿ ಸೋಸಿ ಕೊನೆಗೆ ಉಳಿದ ಅರ್ಹತೆ ಇದು: ‘ಸಿಬ್ಬಂದಿಯಲ್ಲದ, ಆದರೆ ಸಿಬ್ಬಂದಿಯನ್ನು ಬಿಟ್ಟು ಎಲ್ಲಿಗೂ ಹೋಗಲಾರದ, ಮಾತಾಡುವ ಅಭ್ಯಾಸವಿಲ್ಲದ ವ್ಯಕ್ತಿ.’

ಕ್ಯಾಮೆರಾ ವಿಭಾಗದ ಮುಖ್ಯಸ್ಥ ಇದನ್ನು ಓದಿದಾಗ ಅವನ ಕಣ್ಣೆದುರಿಗೆ ಒಂದೇ ಮುಖ ಬಂತು. ಹೆಂಡತಿಯ ಅಪ್ಪನದು.

ಮಾವ ಮನೆಗಳ ಚಾವಣಿಗೆ ಬಣ್ಣ ಬಳಿದು ಮುದುಕರಾದವರು. ಚಾವಣಿಯ ಕೆಲಸದಲ್ಲಿ ಬಾಯಿ ತೆರೆದರೆ ಬಣ್ಣ ಒಳಗೆ ಬೀಳುತ್ತದೆ. ಹಾಗಾಗಿ ಮಾತು ಬಿಟ್ಟಿದ್ದರು. ಕೆಲಸ ನಿಲ್ಲಿಸಿದ ಮೇಲೆ ಮತ್ತೆ ಶುರು ಮಾಡಬಹುದಿತ್ತು. ಅಷ್ಟರಲ್ಲಿ ಹೇಳುವುದು ಏನೂ ಉಳಿದಿರಲಿಲ್ಲ. ಬಲಭುಜವೂ ಹಿಡಿದುಕೊಂಡಿತ್ತು. ಕೈ ಕಿವಿಯ ತನಕ ಏರಿ ಅಲ್ಲಿಯೇ ನಿಲ್ಲುತ್ತಿತ್ತು. ಏರುವಾಗ ತಲೆ ಎಡಕ್ಕೆ ವಾಲುತ್ತಿತ್ತು.

“ಮಾವ, ನಿಮಗೊಂದು ಕೆಲಸ ಇದೆ,” ಎಂದ ಅಳಿಯ.

“ನನ್ನ ಕೈಲಿ ಬಣ್ಣ ಆಗಲ್ಲ.”

“ಬಣ್ಣ ಅಲ್ಲ. ಮನುಷ್ಯನ ಕೆಲಸ.”

ಮಾವ ಯೋಚಿಸಿದರು. “ಅಭ್ಯಾಸ ಇಲ್ಲ,” ಎಂದರು.

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು. “ಅದು ನಿಜ ಅಳಿಯಂದ್ರೇ. ಇಷ್ಟು ವರ್ಷದಲ್ಲಿ ನಾನೂ ನೋಡಿಲ್ಲ!”

ಕಿಟಕಿಯಿಲ್ಲದ ಒಂದು ಕೋಣೆ ಕೊಟ್ಟರು. ಅಲ್ಲಿ ಸೋಫಾ, ಟೀವಿ, ಟೀವಿಯ ಮೇಲೆ ಕ್ಯಾಮೆರಾ. ಸ್ಪೀಕರಿನಿಂದ ಅಪ್ಪಣೆ ಬರುತ್ತಿತ್ತು. ಕೈ ಎತ್ತಿ ಎಂದರೆ ಮಾವ ಕಿವಿಯ ತನಕ ಎತ್ತುತ್ತಿದ್ದರು. ಜಿಗಿಯಿರಿ ಎಂದರೆ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರು. ಓಡಿ ಎಂದರೆ ಚಪ್ಪಲಿ ಹುಡುಕುತ್ತಿದ್ದರು. ಕ್ಯಾಮೆರಾ ಎಲ್ಲವನ್ನೂ ಶ್ರದ್ಧೆಯಿಂದ ಕಲಿತುಕೊಂಡಿತು. ಇನ್ನೊಬ್ಬ ಮನುಷ್ಯನನ್ನೂ ತೋರಿಸೋಣವೇ ಎಂದು ಅಳಿಯ ಸಮಿತಿಗೆ ಬರೆದು ಕೇಳಿದ. ಒಬ್ಬನನ್ನು ನೋಡಿದರೆ ಎಲ್ಲರನ್ನೂ ನೋಡಿದ ಹಾಗೆ, ಹೆಚ್ಚುವರಿ ಮನುಷ್ಯರ ಅಗತ್ಯ ಕಾಣುವುದಿಲ್ಲ ಎಂದು ಉತ್ತರ ಬಂತು.

ಕ್ಯಾಮೆರಾ ಸಿದ್ಧವಾದ ದಿನ ಕಂಪನಿಯ ನಿರ್ದೇಶಕರು ಬಂದರು. ಗಟ್ಟಿಮುಟ್ಟಾದ ಆಳು. ಕೋಟು ಕಳಚಿ ಟೀವಿಯ ಮುಂದೆ ನಿಂತು ಎರಡೂ ಕೈಗಳನ್ನು ನೆಟ್ಟಗೆ ಮೇಲಕ್ಕೆತ್ತಿದರು.

ಪರದೆಯ ಮೇಲೆ ಬರಹ ಮೂಡಿತು: ‘ಎದುರಿಗೆ ಮನುಷ್ಯರಿಲ್ಲ.’

ನಿರ್ದೇಶಕರು ಕುಣಿದರು. ಬಸ್ಕಿ ಹೊಡೆದರು. ಕೊನೆಗೆ ತಮ್ಮ ಹುದ್ದೆಯನ್ನು ಜೋರಾಗಿ ಹೇಳಿದರು. ಪರದೆ ಬದಲಾಗಲಿಲ್ಲ. ಆಗ ಮೂಲೆಯಲ್ಲಿ ಕೂತು ಬೇಸತ್ತಿದ್ದ ಮಾವ ಹೊರಡಲೇ ಎಂದು ಅಳಿಯನಿಗೆ ಕೈ ತೋರಿಸಿ ಕೇಳಿದರು. ಕೈ ಕಿವಿಗೆ ಬಂತು, ತಲೆ ವಾಲಿತು. ಪರದೆಯ ತುಂಬ ಹೂವು ಅರಳಿ ‘ಸ್ವಾಗತ’ ಎಂದಿತು.

ಆಡಳಿತ ಮಂಡಳಿ ಬಾಗಿಲು ಹಾಕಿಕೊಂಡು ಚರ್ಚಿಸಿತು. ಕ್ಯಾಮೆರಾವನ್ನು ತಿದ್ದಲು ವರ್ಷ ಬೇಕು. ಆ ಕಡೆಯವರೂ ಕೋಲು ಬಿಟ್ಟು ಮೈಗೆ ಕೈ ಹಾಕಿದ್ದಾರೆಂಬ ಸುದ್ದಿ ಇತ್ತು. ಗ್ರಾಹಕರನ್ನು ತಿದ್ದಲು ಒಂದು ಹಾಳೆ ಸಾಕು. ಹಾಳೆ ಅಚ್ಚಾಯಿತು:

‘ಸರಿಯಾದ ಚಲನೆಯ ನಿಯಮಗಳು. ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತತಕ್ಕದ್ದು. ಅದಕ್ಕಿಂತ ಮೇಲೆ ಎತ್ತುವುದನ್ನು ಅತಿರೇಕವೆಂದು ಪರಿಗಣಿಸಲಾಗುವುದು. ಎತ್ತುವಾಗ ತಲೆ ಎಡಕ್ಕೆ ವಾಲಿರತಕ್ಕದ್ದು. ಜಿಗಿತವೆಂದರೆ ಹಿಮ್ಮಡಿ ಎತ್ತುವುದು. ಓಟವೆಂದರೆ ಚಪ್ಪಲಿಗಾಗಿ ಸುತ್ತ ನೋಡುವುದು.’

ಪೆಟ್ಟಿಗೆ ಬಿಸಿ ದೋಸೆಯಂತೆ ಖಾಲಿಯಾಯಿತು ಎನ್ನಲಾಗದು. ದೋಸೆಗೆ ಜನ ಅಷ್ಟು ನೂಕಾಡುವುದಿಲ್ಲ. ಇಷ್ಟು ದಿನ ಕೈಯನ್ನು ತಪ್ಪಾಗಿ ಎತ್ತುತ್ತಿದ್ದೆವಲ್ಲ ಎಂದು ಎಲ್ಲರೂ ನಾಚಿಕೊಂಡರು. ಕಲಿಸುವ ತರಗತಿಗಳು ತೆರೆದವು. ಶಾಲೆಯಲ್ಲಿ ಉತ್ತರ ಗೊತ್ತಿದ್ದ ಮಕ್ಕಳು ಕಿವಿಯ ತನಕ ಕೈ ಎತ್ತಿದರು. ಮಾವ ಹಾಲು ತರಲು ಹೋದರೆ ಬೀದಿಯಲ್ಲೆಲ್ಲ ತಾವೇ ಓಡಾಡುತ್ತಿದ್ದ ಹಾಗೆ ಕಂಡಿತು. ನೋಡಲು ಚೆನ್ನಾಗಿರಲಿಲ್ಲ. ಇಷ್ಟು ವರ್ಷ ಹೆಂಡತಿ ಇದನ್ನು ಹೇಗೆ ಸಹಿಸಿದಳೋ ಎಂದುಕೊಂಡರು.

ಆ ಕಡೆಯವರು ಸುಮ್ಮನಿರಲಿಲ್ಲ. ಅವರೂ ಹಾಗೆಯೇ ಒಬ್ಬ ಹಿರಿಯರನ್ನು ಹುಡುಕಿ ತಂದರು. ಆ ಹಿರಿಯರಿಗೆ ಭುಜದ ಜೊತೆಗೆ ಎಡಮಂಡಿಯೂ ಹಿಡಿದಿತ್ತು. ಅವರ ಆಟ ಆಡಬೇಕಾದರೆ ಕುಂಟಬೇಕಿತ್ತು. ಪತ್ರಿಕೆಗಳು ಎರಡನ್ನೂ ತೂಗಿ ನೋಡಿ ‘ಆ ಕಡೆಯ ಅನುಭವ ಹೆಚ್ಚು ಸಮಗ್ರ’ ಎಂದು ಬರೆದವು. ಎರಡೂ ಪೆಟ್ಟಿಗೆ ಕೊಂಡ ಮನೆಗಳಲ್ಲಿ ಜನ ಎರಡನ್ನೂ ಕಲಿತರು.

ಪತ್ರಿಕೆ ಓದಿದ ದಿನ ಅಳಿಯ ಮಾವನ ಮನೆಗೆ ಬಂದ.

“ಮಾವ, ಮಂಡಿ ಹೇಗಿದೆ?”

“ಚೆನ್ನಾಗಿದೆ.”

“ಛೆ.”

“ಕ್ಷಮಿಸಿ,” ಎಂದರು ಮಾವ.

“ಮೆಟ್ಟಿಲು ಹತ್ತುವಾಗ ಕೂಡ ಏನೂ ಇಲ್ವಾ?”

“ಇಲ್ಲ.”

“ಸ್ವಲ್ಪ ನೆನಪು ಮಾಡ್ಕೊಂಡು ನೋಡಿ ಮಾವ. ನನ್ನ ಕೆಲಸದ ಪ್ರಶ್ನೆ.”

ಮಾವ ನೆನಪು ಮಾಡಿಕೊಂಡರು. ಅವರ ಮಂಡಿ ಯಾವ ವಿಷಯದಲ್ಲೂ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಅದು ಅವರ ಮನೆತನದ ದೌರ್ಬಲ್ಯ.

ಮಂಡಿ ಕೈಕೊಟ್ಟ ಮೇಲೆ ಭುಜವಾದರೂ ಉಳಿಯಲಿ ಎಂದು ಕಂಪನಿ ಎಚ್ಚೆತ್ತಿತು. ಪ್ರತಿ ಹೊಸ ಆಟವನ್ನೂ ಮನೆಗಳಿಗೆ ಕಳಿಸುವ ಮೊದಲು ಮಾವನ ಮೇಲೆ ಪರೀಕ್ಷಿಸುತ್ತಿದ್ದರು. ಅವರ ಕೈ ಒಂದು ಬೆರಳಷ್ಟು ಮೇಲೆ ಹೋದರೂ ಲಕ್ಷಾಂತರ ಗ್ರಾಹಕರು ಮನುಷ್ಯರಾಗಿ ಉಳಿಯುತ್ತಿರಲಿಲ್ಲ. ಮಾವನಿಗೆ ‘ಮಾದರಿ ಮನುಷ್ಯ’ ಎಂಬ ಹುದ್ದೆ ಕೊಟ್ಟು, ಕೊರಳಿಗೆ ಪಾಸು ಹಾಕಿ, ಒಂದು ಆದೇಶ ಓದಿ ಹೇಳಿದರು: ‘ಮಾದರಿ ಮನುಷ್ಯರು ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಗುಣವಾಗತಕ್ಕದ್ದಲ್ಲ.’

ಮಾವ ತಲೆಯಾಡಿಸಿ ಮನೆಗೆ ಬಂದರು. ಮನೆಯಲ್ಲಿ ಬೇರೆ ಆದೇಶವಿತ್ತು.

“ಕೈ ಎತ್ತಿ,” ಎಂದರು ಹೆಂಡತಿ, ದಿನದಂತೆ. ಗಂಡನ ಬನಿಯನ್ನನ್ನು ತಲೆಯ ಮೇಲಿಂದ ಎಳೆಯುತ್ತಿದ್ದರು. ಅದು ದಿನದಂತೆ ಕಿವಿಯ ಹತ್ತಿರ ಸಿಕ್ಕಿಕೊಂಡಿತು. “ಇಡೀ ಊರಿನ ಚಾವಣಿ ಮುಟ್ಟಿ ಬಂದ್ರಿ. ಈಗ ನಿಮ್ಮ ಬನಿಯನ್ ನಾನು ಬಿಚ್ಚಬೇಕು. ನಾಳೆ ನಾನು ಬಿದ್ದುಹೋದ್ರೆ ಯಾರು ಬಿಚ್ಚೋರು? ಕಂಪನಿಯವರಾ?”

ಬನಿಯನ್ನಿನೊಳಗಿಂದ ಮಾವನಿಗೆ ಏನೂ ಕಾಣುತ್ತಿರಲಿಲ್ಲ. “ಇಲ್ಲ,” ಎಂದಿತು ಬನಿಯನ್.

“ರೀ, ನಾನೇನು ದೊಡ್ಡದು ಕೇಳ್ತಿಲ್ಲ. ನಿಮ್ಮ ಬಟ್ಟೆ ನೀವು ಬಿಚ್ಚಿ, ನೀವು ಹಾಕ್ಕೊಳ್ಳಿ. ಅಷ್ಟು.”

ಮಾವನಿಗೂ ಬೇಕಾಗಿದ್ದದ್ದು ಅಷ್ಟೇ. ಮಾದರಿ ಮನುಷ್ಯ ಎಂದು ಕೊರಳಿಗೆ ತೂಗಿಸಿಕೊಂಡವನ ಬಟ್ಟೆಯನ್ನು ಹೆಂಡತಿ ದಿನಾ ಎಳೆಮಗುವಿನದರ ಹಾಗೆ ಬಿಚ್ಚುವುದು ಅವರಿಗೇ ನಗು ತರಿಸುತ್ತಿತ್ತು. ಆ ನಗು ಈಚೆಗೆ ಕಹಿಯಾಗುತ್ತಿತ್ತು. ಮರುದಿನ ಗಂಡ ಹೆಂಡತಿ ಪಕ್ಕದ ಬೀದಿಯಲ್ಲಿ ವ್ಯಾಯಾಮದಿಂದ ವಾಸಿಮಾಡುವ ಡಾಕ್ಟರಮ್ಮನ ಹತ್ತಿರ ಹೋದರು. ಬೆಂಚು ತುಂಬ ಹರೆಯದವರು ಕೂತಿದ್ದರು. ಎಲ್ಲರ ತಲೆಯೂ ಎಡಕ್ಕೆ ವಾಲಿತ್ತು.

“ನಿಮ್ಮದು ಕೆಲಸಕ್ಕೆ ಹಿಡಿದದ್ದು,” ಎಂದರು ಡಾಕ್ಟರಮ್ಮ. “ಇವರದೆಲ್ಲ ಆಟಕ್ಕೆ ಹಿಡಿದದ್ದು. ಎತ್ತದೆ ಇಟ್ಟ ಕೈ ಎತ್ತೋದನ್ನೇ ಮರೆತುಬಿಡುತ್ತೆ. ಗೋಡೆ ಮುಂದೆ ನಿಂತ್ಕೊಳ್ಳಿ. ಇರುವೆ ಹತ್ತೋ ಹಾಗೆ ಬೆರಳು ಹತ್ತಿಸಿ.”

ಮಾವ ಬಚ್ಚಲುಮನೆಯ ಗೋಡೆಗೆ ಬೆರಳು ಹತ್ತಿಸಿದರು. ಗೋಡೆಗೂ ಅವರಿಗೂ ಹಳೆಯ ಪರಿಚಯ. ನೋವಾದರೆ ಬಾಯಿ ಮುಚ್ಚಿಕೊಂಡಿರುವುದೂ ಅಭ್ಯಾಸವೇ. ಇರುವೆ ಕಿವಿ ದಾಟಿತು, ನೆತ್ತಿ ದಾಟಿತು. ಒಂದು ಬೆಳಿಗ್ಗೆ ಬನಿಯನ್ ತಾನಾಗಿಯೇ ಎಂಬಂತೆ ತಲೆಯ ಮೇಲಿಂದ ಕಳಚಿ ಬಂತು. ಮಾವ ಅದನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು ನಿಂತರು. ಹೆಂಡತಿ ಬನಿಯನ್ ನೋಡಿದರು, ಗಂಡನನ್ನು ನೋಡಿದರು.

“ಹಾಕ್ಕೊಳ್ಳಿ,” ಎಂದರು. “ಇನ್ನೊಂದು ಸಲ ಬಿಚ್ಚಿ.”

ಮಾವ ಹಾಕಿಕೊಂಡು ಮತ್ತೆ ಬಿಚ್ಚಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಗೆಯಲು ಹಾಕಿ ಎಂದು ಗದರಿದರು.

ಕೋಣೆಯಲ್ಲಿ ಇದನ್ನು ಮುಚ್ಚಿಡಬೇಕಿತ್ತು. ಕಿವಿಯ ಹತ್ತಿರ ಬಂದಾಗ ಕೈ ನಿಲ್ಲಿಸಿ ತಲೆ ವಾಲಿಸಲು ಮಾವ ಪ್ರಯತ್ನಿಸಿದರು. ಕ್ಯಾಮೆರಾ ನಂಬಲಿಲ್ಲ. ಊರಿನ ಮಕ್ಕಳಿಗೆಲ್ಲ ಅವರ ನಕಲು ಬರುತ್ತಿತ್ತು, ಅವರಿಗೆ ಮಾತ್ರ ಬರಲಿಲ್ಲ. ‘ಎದುರಿಗೆ ಮನುಷ್ಯರಿಲ್ಲ’ ಎಂದು ಪರದೆ ಪಟ್ಟು ಹಿಡಿಯಿತು. ಅಳಿಯ ಬೆವರಿದ. ನಿರ್ದೇಶಕರು ಕೋಣೆಗೆ ಬಂದರು.

“ಗುಣವಾಗಿದ್ದೀರಾ?”

“ಸ್ವಲ್ಪ.”

“ಯಾರ ಒಪ್ಪಿಗೆ ತಗೊಂಡು?”

“ಹೆಂಡತಿದು.”

“ಲಿಖಿತವಾಗಿ ಇದೆಯಾ?”

“ಅವಳು ಬರೆದು ಹೇಳಲ್ಲ.”

“ಎಷ್ಟು ಜನರ ಅನ್ನ ಇದು ಗೊತ್ತೇನ್ರೀ? ನಿಮ್ಮ ಒಂದು ಬನಿಯನ್‌ಗೋಸ್ಕರ! ಅಳಿಯನನ್ನೂ ಕರ್ಕೊಂಡು ಹೊರಡಿ!”

ನಿರ್ದೇಶಕರು ಸಿಟ್ಟಿನಿಂದ ಬಾಗಿಲಿನತ್ತ ಕೈ ಎತ್ತಿದರು. ಎರಡು ವರ್ಷ ಸಭೆ ಸಮಾರಂಭಗಳಲ್ಲಿ ಕಿವಿಯ ಮಟ್ಟಕ್ಕೇ ಎತ್ತಿದ ಕೈ. ಅದು ಕಿವಿಯ ಹತ್ತಿರ ಬಂದು ನಿಂತಿತು. ಅವರು ಇನ್ನೂ ಎತ್ತಲು ನೋಡಿದರು. ತಲೆ ಎಡಕ್ಕೆ ವಾಲಿತು. “ಅಮ್ಮಾ,” ಎಂದರು.

ಪರದೆಯ ತುಂಬ ಹೂವು ಅರಳಿತು. ‘ಸ್ವಾಗತ.’

ನಿರ್ದೇಶಕರು ಒಂದು ಹೆಜ್ಜೆ ಹಿಂದೆ ಇಟ್ಟರು. ಎಡಗಾಲು ಎಳೆಯಿತು. ಆ ಕಡೆಯವರ ಆಟವನ್ನು ಅವರು ಮನೆಯಲ್ಲಿ ಕದ್ದು ಆಡುತ್ತಿದ್ದರೆಂಬುದು ಆಗ ಗೊತ್ತಾಯಿತು.

“ಸರ್,” ಎಂದ ಅಳಿಯ. ಅವನು ಕೈ ಮುಗಿದ. “ಮಂಡಿ ಕೂಡ!”

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: ‘ನಮ್ಮ ನಿರ್ದೇಶಕರು ಕಂಪನಿಯ ಏಳಿಗೆಗಾಗಿ ತಮ್ಮ ಭುಜವನ್ನೂ ಮಂಡಿಯನ್ನೂ ಮುಡಿಪಾಗಿಟ್ಟಿದ್ದಾರೆ. ಇನ್ನು ಮುಂದೆ ಅವರೇ ಮಾದರಿ ಮನುಷ್ಯರು.’ ನಿರ್ದೇಶಕರ ಮುಖ ಮೊದಲು ಬಿಳಿಚಿಕೊಂಡಿತ್ತು. ಹಾರ ಹಾಕಿದ ಮೇಲೆ ಸರಿಯಾಯಿತು. ಗುಣವಾಗತಕ್ಕದ್ದಲ್ಲ ಎಂಬ ಆದೇಶಕ್ಕೆ ಅವರೇ ಸಹಿ ಮಾಡಿ ಅವರೇ ಪಡೆದುಕೊಂಡರು. ಆ ಕಡೆಯವರು ಸೊಂಟ ನೋವಿರುವವರಿಗಾಗಿ ಹುಡುಕಾಟ ಶುರು ಮಾಡಿದರು. ಅಳಿಯನಿಗೆ ಬಡ್ತಿ ಸಿಕ್ಕಿತು. ಮಾವನನ್ನು ‘ಗುಣಮುಖರಾದ ಕಾರಣ’ ಕೆಲಸದಿಂದ ಬಿಡುಗಡೆ ಮಾಡಿದರು.

ಪಾಸು ವಾಪಸು ಕೊಡಬೇಕಿತ್ತು. ಮಾವ ಹೆಂಡತಿಯೊಂದಿಗೆ ಹೋದರು. ಕಂಪನಿಯ ಗೇಟಿಗೆ ಆ ವಾರವಷ್ಟೇ ಹೊಸ ಕ್ಯಾಮೆರಾ ಹಾಕಿದ್ದರು. ಕಾವಲುಗಾರ ಒಳ್ಳೆಯವನು.

“ಕೈ ಎತ್ತಿ ಯಜಮಾನ್ರೇ.”

ಮಾವ ಎತ್ತಿದರು. ಕೈ ನೆಟ್ಟಗೆ ಮೇಲೆ ಹೋಯಿತು. ‘ಎದುರಿಗೆ ಮನುಷ್ಯರಿಲ್ಲ’ ಎಂದಿತು ಗೇಟು.

“ನನಗೇನೋ ಕಾಣ್ತಿದೀರಿ,” ಎಂದ ಕಾವಲುಗಾರ ನೊಂದುಕೊಂಡು. “ಆದ್ರೆ ನನಗೆ ಕಂಡಿದ್ದನ್ನ ಇಲ್ಲಿ ಯಾರೂ ಕೇಳಲ್ಲ. ಜೊತೆಗೆ ಮನುಷ್ಯರು ಯಾರಾದ್ರೂ ಬಂದಿದಾರಾ?”

“ನಾನಿದೀನಲ್ಲಪ್ಪ,” ಎಂದರು ಹೆಂಡತಿ. ಕೈಯನ್ನು ಕಿವಿಗೆ ತಂದರು, ತಲೆ ವಾಲಿಸಿದರು, ಒಂದು ಕಾಲನ್ನು ಒಂದಿಷ್ಟು ಎಳೆದರು. ಗಂಡನನ್ನು ನೋಡಿ ನೋಡಿ ಕಲಿತ ಕೈ. ಕಾಲು ಮಾತ್ರ ಅವರ ಸ್ವಂತದ್ದು.

ಗೇಟು ತೆರೆಯಿತು. ‘ಸ್ವಾಗತ. ಒಬ್ಬರು, ಒಂದು ಸಾಮಾನು.’

ಕಾವಲುಗಾರ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡ. “ಸಾಮಾನು ನಿಮ್ಮದೇ ತಾನೇ ಅಮ್ಮ?”

“ಇನ್ಯಾರದಪ್ಪ? ಬೇರೆ ಯಾರು ಇಟ್ಕೋತಾರೆ?”

ಮಾವ ತಕರಾರು ಮಾಡಲಿಲ್ಲ. ಪಾಸಿನ ಮೇಲಿದ್ದ ಹುದ್ದೆಗಿಂತ ಇದು ತಮಗೆ ಹೆಚ್ಚು ಒಪ್ಪುತ್ತದೆ ಎಂದು ಅನಿಸಿತು. ಒಳಗಿನ ಉದ್ದನೆಯ ಓಣಿಯಲ್ಲಿ ಎದುರಾದವರೆಲ್ಲ ಕುಂಟುತ್ತ ಬಂದು, ಕಿವಿಯ ತನಕ ಕೈ ಎತ್ತಿ, ಹೆಂಡತಿಗೆ ನಮಸ್ಕರಿಸಿ ಮುಂದೆ ಹೋದರು. ಮಾವ ಹೆಂಡತಿಯ ಹಿಂದೆ ನಡೆಯುತ್ತ ಎರಡೂ ಕೈಗಳನ್ನು ಎಷ್ಟು ಹೋಗುತ್ತದೋ ಅಷ್ಟು ಮೇಲಕ್ಕೆತ್ತಿ ಮೈ ಮುರಿದರು. ಯಾರೂ ಏನೂ ಅನ್ನಲಿಲ್ಲ. ಸಾಮಾನು ಕೈ ಎತ್ತಕೂಡದೆಂಬ ನಿಯಮ ಇನ್ನೂ ಬಂದಿರಲಿಲ್ಲ.