ಬೆಳವಂಗಲದಿಂದ ಊಟಿಯ ಚಳಿಗೆ

ಪಾಠ ಹೇಳುವವರ ಬದುಕಿನಲ್ಲಿ ಒಂದು ಫಜೀತಿ ಆಗಾಗ ನಡೆಯುತ್ತಲೇ ಇರುತ್ತದೆ. ಬೋರ್ಡಿನ ಮೇಲೆ ನಾವು ಬರೆದು ಅಳಿಸಿದ ಸಾಲು ಯಾವತ್ತೋ ಒಂದು ದಿನ ಎದ್ದು ಬಂದು ನಮ್ಮನ್ನೇ ಪ್ರಶ್ನೆ ಕೇಳುತ್ತದೆ. ದೊಡ್ಡಬೆಳವಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನದ ಪಾಠ ಹೇಳುತ್ತಿದ್ದೇನೆ. ‘ಎತ್ತರಕ್ಕೆ ಹೋದಂತೆ ಉಷ್ಣಾಂಶ ಕಡಿಮೆಯಾಗುತ್ತದೆ, ಉದಾಹರಣೆಗೆ ಊಟಿ’ ಎಂಬ ಸಾಲು ನನಗೆ ನಿದ್ದೆಯಲ್ಲೂ ಬರುತ್ತದೆ. ಊಟಿಯನ್ನು ಮಾತ್ರ ನೋಡಿರಲಿಲ್ಲ. ಹೋದ ಜನವರಿಯಲ್ಲಿ ನೋಡಿ ಬಂದೆ.

ಸೂರ್ಯನಿಗೆ ಹತ್ತಿರ

ಎಲ್ಲದಕ್ಕೂ ಕಾರಣ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಆ ಸಾಲನ್ನು ಅಂದೂ ಹೇಳಿದೆ. ಅವಳು ಎದ್ದು ನಿಂತು, “ಮಿಸ್, ಬೆಟ್ಟ ಹತ್ತಿದ್ರೆ ಸೂರ್ಯನಿಗೆ ಹತ್ತಿರ ಆಗ್ತೀವಿ ಅಲ್ವಾ? ಹತ್ತಿರ ಹೋದ್ರೆ ಬಿಸಿ ಜಾಸ್ತಿ ಆಗ್ಬೇಕು” ಅಂದಳು. ಸೂರ್ಯ ಇರುವ ದೂರಕ್ಕೆ ನಮ್ಮ ಬೆಟ್ಟ ಯಾವ ಲೆಕ್ಕಕ್ಕೂ ಇಲ್ಲ, ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ, ಮೇಲೆ ಹೋದಂತೆ ಗಾಳಿ ತೆಳುವಾಗಿ ಬಿಸಿಯನ್ನು ಹಿಡಿದುಕೊಳ್ಳಲಾರದು ಎಂದೆಲ್ಲ ಹೇಳಿದೆ. ತಲೆಯಾಡಿಸಿದಳು. ಆದರೆ ಅವಳ ಕಣ್ಣು ಒಪ್ಪಿರಲಿಲ್ಲ.

ನನಗೂ ಹಟ ಬಂತು. ವಿಜ್ಞಾನದ ಮೇಷ್ಟ್ರ ಹತ್ತಿರ ಥರ್ಮಾಮೀಟರ್ ಇಸ್ಕೊಂಡು, ಒಂದು ಶನಿವಾರ ತರಗತಿಯನ್ನೆಲ್ಲ ಮಾಕಳಿದುರ್ಗಕ್ಕೆ ಕರೆದುಕೊಂಡು ಹೋದೆ. ಬೆಳಿಗ್ಗೆ ಏಳಕ್ಕೆ ಬುಡದಲ್ಲಿ ನಿಂತು ಅಳೆದೆವು. ಹುಲ್ಲಿನ ಮೇಲೆ ಇಬ್ಬನಿ, ಮಕ್ಕಳ ಬಾಯಲ್ಲಿ ಹೊಗೆ. ಆಮೇಲೆ ಹತ್ತಿದೆವು. ಒಬ್ಬಳ ಚಪ್ಪಲಿ ಕಿತ್ತುಹೋಯಿತು, ಇಬ್ಬರಿಗೆ ಹಸಿವಾಯಿತು, ನನಗೆ ಉಬ್ಬಸ ಬಂತು. ಕೋಟೆ ತಲುಪುವಷ್ಟರಲ್ಲಿ ಹನ್ನೊಂದೂವರೆ. ಬಂಡೆ ದೋಸೆ ಕಲ್ಲಿನ ಹಾಗೆ ಕಾದಿತ್ತು. ಅಳೆದರೆ ಬುಡದಲ್ಲಿ ಇದ್ದದ್ದಕ್ಕಿಂತ ಎಂಟು ಡಿಗ್ರಿ ಜಾಸ್ತಿ.

ಬೆಳಗಿನ ಹೊತ್ತಿಗೂ ಮಧ್ಯಾಹ್ನಕ್ಕೂ ಹೋಲಿಸಬಾರದು ಎಂದು ಇಳಿಯುವ ದಾರಿಯುದ್ದಕ್ಕೂ ಹೇಳಿದೆ. ಸೋಮವಾರ ಅವಳ ಪುಸ್ತಕ ತಿದ್ದಲು ತೆಗೆದುಕೊಂಡೆ. ‘ಎತ್ತರಕ್ಕೆ ಹೋದಂತೆ ಬಿಸಿ ಹೆಚ್ಚುತ್ತದೆ. ಇದನ್ನು ಮಿಸ್ ಜೊತೆ ಹೋಗಿ ನೋಡಿದ್ದೇನೆ’ ಎಂದು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಳು.

ಅಜ್ಜಿಯ ಕರಾರು

ಪುಸ್ತಕವನ್ನು ಹೆಡ್‌ಮಾಸ್ಟರ್ ನೋಡಿಬಿಟ್ಟರು. ಮೆತ್ತಗಿನ ಮನುಷ್ಯ, ಕನ್ನಡದ ಪಾಠವೂ ಅವರದೇ, ಇನ್ನೆರಡು ವರ್ಷಕ್ಕೆ ನಿವೃತ್ತಿ. “ಮೇಡಮ್, ಉದಾಹರಣೆಗೆ ಊಟಿ ಅಂತ ನೀವೇ ಹೇಳ್ತೀರಿ. ಉದಾಹರಣೆಗೇ ಹೋಗಿಬಿಡೋಣ” ಅಂದರು. ಆ ವರ್ಷದ ಶೈಕ್ಷಣಿಕ ಪ್ರವಾಸ ಹಾಗೆ ನಿಕ್ಕಿಯಾಯಿತು.

ಪ್ರಶ್ನೆ ಕೇಳಿದ ಹುಡುಗಿಯೇ ಬರುವುದಿಲ್ಲ ಎಂದಳು. ಅವಳನ್ನು ಸಾಕಿದ್ದು ಅಜ್ಜಿ. ಚಳಿಯೂರಿಗೆ ಮೊಮ್ಮಗಳನ್ನು ಒಬ್ಬಳೇ ಕಳಿಸುವುದಿಲ್ಲ ಎಂದು ಅಜ್ಜಿ ಕೂತಿತ್ತಂತೆ. ಅವಳೇ ಬರದಿದ್ದ ಮೇಲೆ ಊಟಿಗೆ ಹೋಗಿ ನಾನು ಯಾರಿಗೆ ಏನು ತೋರಿಸಲಿ? ಮನೆಗೆ ಹೋಗಿ ಮಾತಾಡಿದೆ. ಅಜ್ಜಿ ರಾಗಿ ಕೇರುತ್ತಾ ಎಲ್ಲವನ್ನೂ ಕೇಳಿಸಿಕೊಂಡು ಮೊರ ಕೆಳಗಿಟ್ಟಿತು. “ನಾನೂ ಬತ್ತೀನಿ. ಹಂಗಾದ್ರೆ ಕಳಿಸ್ತೀನಿ” ಅಂದಿತು.

ಘಾಟಿ, ಶಿವಗಂಗೆ ಬಿಟ್ಟು ಬೇರೆ ಬೆಟ್ಟ ಕಂಡ ಜೀವವಲ್ಲ ಅದು. ಹೆಡ್‌ಮಾಸ್ಟರ್ ಒಪ್ಪಿದರು. ಹೊರಡುವ ದಿನ ಅಜ್ಜಿ ಎರಡು ಕಂಬಳಿ, ಮೂರು ಸೇರು ರಾಗಿಹಿಟ್ಟು, ಒಂದು ಮುದ್ದೆ ಕೋಲು ತಂದಿತು. ಕೋಲು ಯಾಕೆ ಎಂದು ಡ್ರೈವರ್ ಕೇಳಿದರು. “ಆ ಊರೋರು ಮುದ್ದೆ ಉಣ್ಣದೆ ಚಳಿ ತಡ್ಕಂತಾ ಅವ್ರಲ್ಲ, ಪಾಪ, ತೋರಿಸ್ಕೊಟ್ಟು ಬರಾನ ಅಂತ” ಅಂದಿತು ಅಜ್ಜಿ. ನಾವು ಕಲಿಯಲು ಹೊರಟಿದ್ದೆವು, ಅಜ್ಜಿ ಕಲಿಸಲು.

ಹಾಜರಿ

ಗೂಡಲೂರು ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಏರತೊಡಗಿತು. ಕೆಳಗೆ ಬಿಟ್ಟು ಬಂದ ರಸ್ತೆ ಪ್ರತಿ ತಿರುವಿನಲ್ಲೂ ಇನ್ನಷ್ಟು ಸಣ್ಣದಾಗಿ ಕಾಣುತ್ತಿತ್ತು. ಮಕ್ಕಳ ಗಲಾಟೆ ತಾನಾಗಿಯೇ ನಿಂತಿತು. ಇಷ್ಟು ಎತ್ತರಕ್ಕೆ ಒಂದು ಊರನ್ನೇ ಹೊತ್ತು ತಂದು ಇಟ್ಟವರು ಯಾರಿರಬಹುದು ಎಂದು ನಾನೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಗಾಬರಿಯ ಕೂಗು. ಮಕ್ಕಳು ತಂದಿದ್ದ ಚಿಪ್ಸ್ ಪೊಟ್ಟಣಗಳೆಲ್ಲ ಬಲೂನಿನ ಹಾಗೆ ಉಬ್ಬಿ ನಿಂತಿದ್ದವು. ಅಜ್ಜಿ ಒಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ದೃಷ್ಟಿ ತೆಗೆದು ವಾಪಸ್ ಕೊಟ್ಟಿತು. ಇದೇ ಸಮಯ ಎಂದು ನಾನು ಎದ್ದು ನಿಂತು, ಹೊರಗಿನ ಗಾಳಿ ತೆಳುವಾಗಿದೆ, ಪೊಟ್ಟಣದೊಳಗೆ ನಮ್ಮೂರ ಕಡೆಯ ದಪ್ಪ ಗಾಳಿ ಇದೆ, ಅದಕ್ಕೇ ಉಬ್ಬಿದೆ ಎಂದು ವಿವರಿಸಿದೆ. ಯಾರೂ ಮಾತಾಡಲಿಲ್ಲ. ಪಾಠ ಮನಸ್ಸಿಗೆ ನಾಟಿದೆ ಎಂದುಕೊಂಡು ಕೂತೆ. ಎಲ್ಲರ ಕಿವಿಯೂ ಕಟ್ಟಿಹೋಗಿತ್ತು ಎಂದು ಆಮೇಲೆ ಗೊತ್ತಾಯಿತು.

ಊಟಿಯಲ್ಲಿ ಇಳಿದ ತಕ್ಷಣ ಹೆಡ್‌ಮಾಸ್ಟರ್ ಹಾಜರಿ ಕರೆದರು. ಕರೆಯುತ್ತಾ ಹೋದಂತೆ ಅವರ ಮುಖ ಬಿಳುಚಿಕೊಂಡಿತು. ಮಕ್ಕಳು ‘ಪ್ರೆಸೆಂಟ್ ಸಾರ್’ ಎಂದು ಕಿರುಚುತ್ತಿದ್ದರು, ಅವರ ಕಿವಿಗೆ ಒಂದೂ ಬೀಳುತ್ತಿರಲಿಲ್ಲ. ಕಣ್ಣೆದುರೇ ನಿಂತ ಮಕ್ಕಳಿಗೂ ಸಾಲಾಗಿ ಆಬ್ಸೆಂಟ್ ಹಾಕುತ್ತಾ ಹೋದರು. ಇಪ್ಪತ್ತನೇ ಹೆಸರಿನ ಹೊತ್ತಿಗೆ ಅವರಿಗೊಂದು ದೊಡ್ಡ ಆಕಳಿಕೆ ಬಂತು. ಕಿವಿ ಬಿಚ್ಚಿಕೊಂಡಿತು. ಒಮ್ಮೆಗೇ ನುಗ್ಗಿದ ಸದ್ದಿಗೆ ಬೆಚ್ಚಿ, “ಯಾಕ್ರೋ ಹಿಂಗೆ ಕಿರುಚ್ತೀರಿ, ನಾನೇನು ಕಿವುಡನಾ?” ಅಂದರು.

ಬಿಳಿ ಬಯಲು

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎದ್ದೆ. ಅಜ್ಜಿ ತಲೆಗೆ ಕಂಬಳಿ ಗೊಪ್ಪೆ ಹಾಕಿಕೊಂಡು ನಿಂತಿತ್ತು. “ಟೀಚ್ರಮ್ಮ, ಈಚೆ ಬಾ. ಯಾರೋ ಇಡೀ ಬಯಲಿಗೆ ರಂಗೋಲಿ ಪುಡಿ ಚೆಲ್ಲವ್ರೆ” ಅಂದಿತು.

ನಾವು ಉಳಿದುಕೊಂಡಿದ್ದ ಕಡೆ ಎದುರಿಗೆ ಒಂದು ಹುಲ್ಲು ಬಯಲು. ಹಿಂದಿನ ಸಂಜೆ ಹಸಿರಾಗಿದ್ದದ್ದು ಈಗ ಬೆಳ್ಳಗೆ ಹಾಸಿಕೊಂಡಿತ್ತು. ಒಂದೊಂದು ಹುಲ್ಲಿನ ಎಸಳಿಗೂ ಅಂಚು ಕಟ್ಟಿದಂತೆ ಬಿಳುಪು. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದು ಇಪ್ಪತ್ತು ವರ್ಷ ಹೇಳಿದ ನಾನು, ಅದನ್ನು ಕಂಡದ್ದು ಅವತ್ತೇ ಮೊದಲು. ಅಜ್ಜಿ ಬಗ್ಗಿ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡಿತು. ನನ್ನ ಕಡೆ ನೋಡಿತು. ಹುಡುಗಿಯನ್ನು ಎಬ್ಬಿಸಿ ತಂದೆವು. ಅವಳು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ನಿಂತು, “ಮಿಸ್, ನಾನು ಬರೆದದ್ದನ್ನ ಹೊಡೆದುಹಾಕ್ತೀನಿ” ಅಂದಳು. ನಾನು ಅಷ್ಟಕ್ಕೇ ವಾಪಸ್ ಹೊರಟುಬಿಡಲು ತಯಾರಿದ್ದೆ.

ಅಜ್ಜಿ ಸುಮ್ಮನಾಗಲಿಲ್ಲ. ತನ್ನ ಎಲೆಯಡಿಕೆ ಡಬ್ಬಿ ಖಾಲಿ ಮಾಡಿ, ಉಜ್ಜಿ ಒರೆಸಿ, ಅದರ ತುಂಬ ಆ ಬಿಳಿ ಪುಡಿ ಬಳಿದುಕೊಂಡಿತು. ಪಕ್ಕದ ಮನೆಯಾಕೆಗೆ ತೋರಿಸಬೇಕಂತೆ. ಕರಗುತ್ತದೆ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಊರಿಗೆ ಬಂದು ಡಬ್ಬಿ ತೆಗೆದಾಗ ತಳದಲ್ಲಿ ಎರಡು ಚಮಚ ನೀರು. ಅಜ್ಜಿ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯಾಕೆ ಬಲಗೈ ಒಡ್ಡಿ ಅದನ್ನು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡು, “ಯಾವ ದೇವ್ರು?” ಎಂದು ಕೇಳಿದಳಂತೆ.

ಇಲ್ಲಿಯದು ಏನು?

ಅವತ್ತು ಊರು ತೋರಿಸಲು ಒಬ್ಬ ಗೈಡ್ ಸಿಕ್ಕ. ತಮಿಳಿನವ, ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ರಸ್ತೆ ಬದಿಯ ಮರ ನೋಡಿ ಅಜ್ಜಿಗೆ ಬಲು ಖುಷಿ. “ನಮ್ಮೂರ ನೀಲಗಿರಿ ಮರ” ಅಂದಿತು. ನಮ್ಮೂರದ್ದಲ್ಲ, ನೀಲಗಿರಿ ಮರ ನೀಲಗಿರಿಯದೇ, ಇಲ್ಲಿಂದಲೇ ನಮ್ಮ ಕಡೆಗೆ ಬಂದದ್ದು ಎಂದು ನಾನು ಮಕ್ಕಳೆದುರು ಜೋರಾಗಿ ತಿದ್ದಿದೆ. ಗೈಡ್ ಮೆಲ್ಲಗೆ ಕೆಮ್ಮಿದ. ಅದು ಆಸ್ಟ್ರೇಲಿಯಾದ್ದು ಮೇಡಮ್, ಚಳಿಗೆ ಸೌದೆ ಬೇಕೆಂದು ಇಂಗ್ಲಿಷರು ತರಿಸಿ ನೆಟ್ಟದ್ದು ಅಂದ.

ಅಜ್ಜಿ ಕೆರೆ ತೋರಿಸಿತು. ಅದೂ ಹುಟ್ಟು ಕೆರೆಯಲ್ಲ. ಬಯಲಿನ ಸೆಕೆ ತಾಳಲಾರದೆ ಹತ್ತಿ ಬಂದು ಇಲ್ಲಿ ಮನೆ ಕಟ್ಟಿಸಿದ ಒಬ್ಬ ಬಿಳಿ ಕಲೆಕ್ಟರು, ಹಳ್ಳಕ್ಕೆ ಅಡ್ಡಗಟ್ಟೆ ಹಾಕಿಸಿ ಮಾಡಿಸಿದ್ದಂತೆ. ಆಲೂಗಡ್ಡೆ, ಕ್ಯಾರೆಟ್, ಟೀ ಗಿಡ, ಗುಲಾಬಿ ತೋಟ, ಅಜ್ಜಿ ಬೆರಳು ತೋರಿಸಿದ್ದೆಲ್ಲ ಹೊರಗಿನಿಂದ ಬಂದದ್ದೇ. ಇನ್ನೂರು ವರ್ಷದ ಹಿಂದೆ ಇಲ್ಲಿ ಪೇಟೆಯೇ ಇರಲಿಲ್ಲ. ಹುಲ್ಲು, ಕಣಿವೆಯಲ್ಲಿ ಶೋಲಾ ಕಾಡು, ಎಮ್ಮೆ ಸಾಕಿಕೊಂಡಿದ್ದ ತೋಡರ ನಾಲ್ಕಾರು ಗುಡಿಸಲು, ಅಷ್ಟೇ.

ಅಜ್ಜಿ ಕಟ್ಟೆಯ ಮೇಲೆ ಕೂತು ಯೋಚಿಸಿತು. “ಹಂಗಾರೆ ಈ ಪ್ಯಾಟೇಲಿ ಇಲ್ಲೀದೇ ಅಂತ ಏನೈತಪ್ಪ?”

ಗೈಡ್ ಸುತ್ತ ನೋಡಿದ. ಕೈ ಉಜ್ಜಿಕೊಂಡು ಹೇಳಿದ: “ಚಳಿ ಇದೆಯಲ್ಲ ಅಜ್ಜಿ.”

ಮಂಜಿನೊಳಗೆ

ವಾಪಸ್ ಹೊರಟದ್ದು ಮಧ್ಯಾಹ್ನ. ಊಟಿಯಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಹಳ್ಳಿಯ ಬದಿಗೆ ಟೀ ಕುಡಿಯಲು ಬಸ್ ನಿಲ್ಲಿಸಿದೆವು. ಗ್ಲಾಸು ಕೈಗೆ ಬರುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂತು. ಬಂತು ಎಂದರೆ, ಹತ್ತು ಹೆಜ್ಜೆ ಆಚೆ ಇದ್ದ ನಮ್ಮ ಬಸ್ಸೇ ಇಲ್ಲವಾಯಿತು. ಮಕ್ಕಳನ್ನು ಕೈಕೈ ಹಿಡಿಸಿ ಸಾಲಾಗಿ ಬಸ್ಸಿಗೆ ಹತ್ತಿಸಿದೆವು. ಎಣಿಸಿದರೆ ಮಕ್ಕಳೆಲ್ಲ ಇದ್ದರು, ಅಜ್ಜಿ ಇರಲಿಲ್ಲ.

ಪಕ್ಕದಲ್ಲೇ ಇಳಿಜಾರು. ಅಜ್ಜಿಯ ಹತ್ತಿರ ಫೋನಿಲ್ಲ, ಬರುವುದು ಒಂದೇ ಭಾಷೆ. ಹುಡುಗಿ ಅಳಲಿಲ್ಲ. ನನ್ನ ಸೆರಗು ಹಿಡಿದುಕೊಂಡು, “ನಾನು ಪ್ರಶ್ನೆ ಕೇಳಬಾರದಿತ್ತು ಮಿಸ್” ಎಂದಳು. ಆ ಮಾತು ಕೇಳಿ ನನಗೇ ಅಳು ಬಂತು. ಡ್ರೈವರ್ ಒಂದು ಕಡೆ, ಹೆಡ್‌ಮಾಸ್ಟರ್ ಒಂದು ಕಡೆ ಕೂಗುತ್ತಾ ಹೋದರು. ಮುಕ್ಕಾಲು ಗಂಟೆ ಹಾಗೇ ಕಳೆಯಿತು.

ಆಮೇಲೆ ಮಂಜು ಬಂದ ಹಾಗೆಯೇ ಎದ್ದು ಹೋಯಿತು. ರಸ್ತೆಯ ಮೇಲ್ಗಡೆ ಸಾಲು ಮನೆಗಳು ಕಂಡವು. ಒಂದು ಮನೆಯ ಜಗುಲಿಯಲ್ಲಿ ನಮ್ಮ ಅಜ್ಜಿ ಕಾಲು ಚಾಚಿ ಕೂತಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ವಸ್ತ್ರ ಕಟ್ಟಿಕೊಂಡ ಇನ್ನೊಂದು ಅಜ್ಜಿ. ಇಬ್ಬರ ನಡುವೆ ಬೆಳ್ಳುಳ್ಳಿ ರಾಶಿ. ಬಿಡಿಸುತ್ತಾ ಮಾತಾಡುತ್ತಿದ್ದರು. ಜಗಳವಾಡುವಷ್ಟು ಸಲೀಸಾಗಿ ಮಾತಾಡುತ್ತಿದ್ದರು.

ಹತ್ತಿರ ಹೋಗಿ ನಿಂತೆ. ಆ ಅಜ್ಜಿಯ ಮಾತನ್ನು ನಾನು ಹಾಗೇ ಬರೆಯಲಾರೆ. ರಾಗ ಬೇರೆ, ಪದಗಳ ಕೊನೆ ಬೇರೆ. ಆದರೆ ನಡುನಡುವೆ ಹಾಲು, ನೀರು, ಮನೆ, ಎಮ್ಮೆ, ಹಟ್ಟಿ ಎಲ್ಲ ನಮ್ಮ ಹಿತ್ತಲಿಂದ ಎದ್ದು ಬಂದ ಹಾಗೆ ಬರುತ್ತಿದ್ದವು. ಅವರು ಬಡಗರು. ಯಾವುದೋ ಕಾಲದಲ್ಲಿ ಯಾರದೋ ಕಾಟ ತಡೆಯಲಾರದೆ ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ, ಅವರ ಹಿರಿಯರು ಬೆಟ್ಟ ಹತ್ತಿದರಂತೆ. ದಿಕ್ಕೇ ಹೆಸರಾಗಿ ಉಳಿಯಿತಂತೆ. ಇಂಗ್ಲಿಷರಿಗಿಂತ ಎಷ್ಟೋ ಮೊದಲು ಈ ಚಳಿಯಲ್ಲಿ ಒಲೆ ಹೂಡಿದವರು. ಪುಸ್ತಕದ ಯಾವ ಪುಟದಲ್ಲೂ ನಾನು ಅದನ್ನು ಓದಿರಲಿಲ್ಲ.

“ನಮ್ಮೋರೇ ಕಣ್ ಟೀಚ್ರಮ್ಮ” ಅಂದಿತು ಅಜ್ಜಿ. “ಮಾತಿಗೆ ಒಸಿ ಶೀತ ಆಗೈತೆ, ಅಷ್ಟೇಯ.”

ಅಷ್ಟರಲ್ಲಿ ಹೆಡ್‌ಮಾಸ್ಟರ್ ಏದುಸಿರು ಬಿಡುತ್ತಾ ಬಂದರು. ಹುಡುಕುವಾಗ ಮೊಬೈಲ್ ನೋಡಿ ನಾಲ್ಕು ಸಾಲು ತಮಿಳು ಬಾಯಿಪಾಠ ಮಾಡಿಕೊಂಡಿದ್ದರು. ಈಗ ಅದನ್ನು ವ್ಯರ್ಥ ಮಾಡಲು ಮನಸ್ಸಾಗದೆ, ಬಡಗ ಅಜ್ಜಿಗೆ ಕೈಮುಗಿದು, ನಾಲ್ಕೂ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಿದರು. ತಮಿಳು ಚೆನ್ನಾಗಿ ಬಲ್ಲ ಆಕೆ ಮರ್ಯಾದೆಯಿಂದ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ನಮ್ಮ ಅಜ್ಜಿಯ ಕಡೆ ಬಾಗಿ ಏನೋ ಕೇಳಿದಳು. ಪಾಪ ಇವರು ಯಾವ ದೇಶದವರು, ಇವರ ಮಾತು ಮಾತ್ರ ತನಗೆ ತಿಳಿಯಲಿಲ್ಲ ಎಂಬಂತಿತ್ತು.

ನಮ್ಮ ಅಜ್ಜಿ ಬೆಳ್ಳುಳ್ಳಿ ಸಿಪ್ಪೆ ಊದುತ್ತಾ ಪರಿಚಯ ಮಾಡಿಕೊಟ್ಟಿತು: “ಇವ್ರಾ? ನಮ್ಮೂರಾಗೆ ಮಕ್ಳಿಗೆ ಕನ್ನಡ ಕಲಿಸೋ ಮೇಷ್ಟ್ರು.”