ಒಬ್ಬ ಸಾರ್ವಜನಿಕ ಬೇಕಾಗಿದ್ದಾನೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಾಲ್ಕು ಪಿನ್ನುಗಳು. ಪರಮಾಣು ಸುರಕ್ಷತಾ ಮಂಡಳಿಯ ಅಹವಾಲು ಗುಮಾಸ್ತರು ಹನ್ನೆರಡು ವರ್ಷಗಳ ಹಿಂದೆ, ಆ ಕುರ್ಚಿಗೆ ಬಂದ ವಾರದಲ್ಲೇ, ‘ಪ್ರತಿ ತಿಂಗಳ ಮೊದಲ ಬುಧವಾರ ಅಹವಾಲು ಸಭೆ, ಸಾರ್ವಜನಿಕರಿಗೆ ಆದರದ ಸ್ವಾಗತ’ ಎಂಬ ನೋಟೀಸನ್ನು ಆ ನಾಲ್ಕು ಪಿನ್ನು ಚುಚ್ಚಿ ಫಲಕಕ್ಕೆ ಸಿಕ್ಕಿಸಿದ್ದರು. ಫಲಕ ಇದ್ದದ್ದು ಎರಡನೇ ಗೇಟಿನ ಒಳಗೆ. ಎರಡನೇ ಗೇಟು ದಾಟಬೇಕಾದರೆ ಪಾಸು ಬೇಕು. ಪಾಸು ಬರೆಯುವ ಅಧಿಕಾರ ಇಡೀ ಕಟ್ಟಡದಲ್ಲಿ ಅಹವಾಲು ಗುಮಾಸ್ತರೊಬ್ಬರಿಗೇ. ಯಾರಾದರೂ ಬಂದರೆ ವಾಚ್‌ಮನ್ ಗೇಟಿನಿಂದ ಫೋನ್ ಮಾಡಬೇಕು, ಗುಮಾಸ್ತರು ತಮ್ಮ ಕೋಣೆಯಲ್ಲಿ ಎತ್ತಬೇಕು, ಪಾಸು ಬರೆದು ಕಳಿಸಬೇಕು. ಒಳಗೆ ಬಂದವನಿಗೆ ಮಾತ್ರ ಕಾಣುವ ನೋಟೀಸನ್ನು ಓದಿ ಹೊರಗಿನಿಂದ ಯಾರು ತಾನೇ ಬಂದಾರು? ಹನ್ನೆರಡು ವರ್ಷದಲ್ಲಿ ಆ ಫೋನು ಒಂದು ಸಲವೂ ಬಡಿದುಕೊಂಡಿರಲಿಲ್ಲ.

ಆದರೂ ಗುಮಾಸ್ತರು ಸೋಮವಾರಕ್ಕೊಮ್ಮೆ ರಿಸೀವರ್ ಎತ್ತಿ ಕಿವಿಗಿಟ್ಟು, ಜೀವ ಇದೆಯೇ ಎಂದು ನೋಡುತ್ತಿದ್ದರು. ಸಭಾಂಗಣದಲ್ಲಿ ಸಾರ್ವಜನಿಕರಿಗೆಂದು ಹಾಕಿದ್ದ ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲೂ ಇದೇ ಕತೆ. ಕುರ್ಚಿ ನಾಲ್ಕು, ಕೂರುವವರು ಒಬ್ಬರು. ಮನೆಗೂ ಕಚೇರಿಗೂ ಇದ್ದ ವ್ಯತ್ಯಾಸ ಒಂದೇ. ಕಚೇರಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಮೂರನೇ ಮಹಡಿಯಿಂದ ಸಂಶೋಧಕಿ ಇಳಿದು ಬಂದು, ಬಾಗಿಲಲ್ಲೇ ನಿಂತು, “ಊಟ ಆಯ್ತಾ ಸರ್?” ಎಂದು ಕೇಳುತ್ತಿದ್ದಳು.

“ಆಯ್ತಮ್ಮ, ನಿಂದು?”

“ಈಗ ಹೊರಟೆ ಸರ್.”

ಅಷ್ಟೇ ಮಾತು. ಆದರೆ ದಿನವಿಡೀ ಅವರನ್ನು ಯಾರಾದರೂ ಏನಾದರೂ ಕೇಳುವುದು ಅದೊಂದೇ ಆಗಿತ್ತು. ಭಾನುವಾರ ಒಂದೂವರೆಗೆ ಅವರಿಗೆ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಸರ್ಕಾರದ ಸುತ್ತೋಲೆ ಬಂತು. ಹೆಡ್ ಗುಮಾಸ್ತ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ಸುರಕ್ಷತಾ ಸಂಶೋಧನೆಗೆ ಸರ್ಕಾರದ ಅನುದಾನ ಬೇಕಾದರೆ, ಆ ಸಂಶೋಧನೆಯ ಬಗ್ಗೆ ನಡೆಯುವ ಅಹವಾಲು ಸಭೆಯಲ್ಲಿ ಕನಿಷ್ಠ ಒಬ್ಬ ಸಾರ್ವಜನಿಕ ಹಾಜರಿದ್ದು ಪ್ರಶ್ನೆ ಕೇಳಿರಬೇಕು. ಪರೀಕ್ಷಿಸಲು ವೀಕ್ಷಕರು ಇದೇ ಬುಧವಾರ ಹನ್ನೆರಡೂವರೆಗೆ ಬರುತ್ತಾರೆ. ಸಾರ್ವಜನಿಕರಿಲ್ಲದಿದ್ದರೆ ಅನುದಾನವಿಲ್ಲ, ಪ್ರಯೋಗಾಲಯ ಬಂದ್.

“ಪ್ರಯೋಗಾಲಯ ಅಂದ್ರೆ ಮೂರನೇ ಮಹಡೀದಾ?” ಗುಮಾಸ್ತರು ಎದ್ದು ನಿಂತರು.

“ಇನ್ಯಾವ್ದು ಸ್ವಾಮಿ? ಆ ಹುಡುಗಿ ಪೈಪಿನ ಬಿರುಕು ಹುಡುಕೋ ಯಂತ್ರ ಮಾಡ್ತಿದಾಳಲ್ಲ, ಅದೇ. ನಾಳೆಯಿಂದ ಮೂಟೆ ಕಟ್ಟಬೇಕು ಪಾಪ.”

“ಒಬ್ಬನೇ ಸಾಕಲ್ಲ? ಇಷ್ಟು ದೊಡ್ಡ ಊರಲ್ಲಿ ಒಬ್ಬ ಸಿಗಲ್ವಾ?” ಎಂದಳು ಟೈಪಿಸ್ಟ್.

“ಹನ್ನೆರಡು ವರ್ಷದಿಂದ ಸಿಕ್ಕಿಲ್ವಲ್ಲಮ್ಮ,” ಎಂದು ಹೆಡ್ ಗುಮಾಸ್ತ ಗುಮಾಸ್ತರ ಕಡೆ ನೋಡಿ ನಕ್ಕ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಗುಮಾಸ್ತರು ಪಾಸಿನ ಪುಸ್ತಕವನ್ನು ಜೇಬಿಗಿಳಿಸಿ ಬೀದಿಗಿಳಿದರು. ಹನ್ನೆರಡು ವರ್ಷ ಕಾದರೂ ಬಾರದ ಸಾರ್ವಜನಿಕರು ಅಲ್ಲಿ ಸಾವಿರಗಟ್ಟಲೆ ಓಡಾಡುತ್ತಿದ್ದರು. ಬಸ್ ನಿಲ್ದಾಣದಲ್ಲಿ ನಿಂತಿದ್ದ ಒಬ್ಬನ ಬಳಿ ಹೋಗಿ, “ಸ್ವಾಮಿ, ಅಣುಸ್ಥಾವರದ ಬಗ್ಗೆ ನಿಮಗೇನಾದ್ರೂ ಆತಂಕ ಇದ್ಯಾ?” ಎಂದು ವಿನಯದಿಂದ ಕೇಳಿದರು. ಆತ ಚೀಲವನ್ನು ಎದೆಗವಚಿಕೊಂಡು, ತನ್ನದಲ್ಲದ ಬಸ್ಸನ್ನೇ ಹತ್ತಿ ಹೋಗಿಬಿಟ್ಟ. ಹಣ್ಣಿನಂಗಡಿಯವಳು, “ಆತಂಕ ಇದೆಯಣ್ಣ, ಅಂಗಡಿ ನೋಡ್ಕೊಳ್ಳೋರು ಯಾರೂಂತ,” ಎಂದಳು. ಕೊನೆಗೆ ಕ್ಷೌರದಂಗಡಿಗೆ ನುಗ್ಗಿದರು. ಅಲ್ಲಿ ದಪ್ಪ ಮೀಸೆಯವರೊಬ್ಬರು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಮೀಸೆ ತೆಗೆಸುತ್ತಿದ್ದರು.

ಗುಮಾಸ್ತರು ಸಭೆಗೆ ಕರೆದದ್ದೇ, “ಅಲ್ಲಿ ಫ್ಯಾನ್ ಇದ್ಯಾ?” ಎಂದರು ಮೀಸೆಯವರು.

“ಎರಡಿದೆ ಸ್ವಾಮಿ! ಕುರ್ಚಿ ಹನ್ನೆರಡಿದೆ, ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ!”

ಮೀಸೆಯವರಿಗೆ ಅಷ್ಟು ಸಾಕಾಯಿತು. ಮೀಸೆಯ ಬಲಭಾಗ ಹೋಗಿ ಎಡಭಾಗ ಉಳಿದಿತ್ತು, ಗಂಟೆ ಹನ್ನೆರಡು ಕಾಲಾಗಿತ್ತು. ಗುಮಾಸ್ತರು ಅವರನ್ನು ಹಾಗೇ ಕೈ ಹಿಡಿದು ಎಳೆದುಕೊಂಡು ಬಂದರು. ಕ್ಷೌರಿಕ ಬಾಚಣಿಗೆ ಬೀಸುತ್ತ ಬೀದಿಯ ತಿರುವಿನವರೆಗೂ ಓಡಿಬಂದು ಸುಸ್ತಾಗಿ ನಿಂತ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗೇಟಿನಲ್ಲಿ ವಾಚ್‌ಮನ್ ಪಾಸು ನೋಡಿದ, ಗುರುತಿನ ಚೀಟಿ ನೋಡಿದ, ಮುಖ ನೋಡಿದ. ಮತ್ತೆ ಚೀಟಿ ನೋಡಿದ.

“ಫೋಟೋದಲ್ಲಿ ಪೂರ್ತಿ ಮೀಸೆ ಇದೆ. ಇವ್ರಿಗೆ ಅರ್ಧ ಇದೆ.”

“ಅರ್ಧ ಆದ್ರೂ ಹೋಲುತ್ತಲ್ಲಪ್ಪ!”

“ಅರ್ಧ ಮನುಷ್ಯನ್ನ ಬಿಡೋ ರೂಲ್ಸ್ ಇಲ್ಲ ಸರ್. ಇದು ಅಣು ವಿಷಯ.”

“ಉಳಿದಿದ್ದನ್ನೂ ತೆಗೆಸ್ಕೊಂಡು ಬಂದ್ರೆ?”

ವಾಚ್‌ಮನ್ ಯೋಚಿಸಿದ. “ಆಗ ಪೂರ್ತಿ ಬೇರೆಯವರೇ ಆಗ್ಬಿಡ್ತಾರಲ್ಲ ಸರ್.”

ಮೀಸೆಯವರಿಗೆ ಆಗ ತಮ್ಮ ಸ್ಥಿತಿಯ ಅರಿವಾಗಿ, ಒಂದು ಕೈಯಿಂದ ಮುಖ ಮುಚ್ಚಿಕೊಂಡು, ಇನ್ನೊಂದು ಕೈ ತೋರಿಸಿ ಬೈಯುತ್ತ ಅಂಗಡಿಯ ಕಡೆ ಹೊರಟುಹೋದರು.

ಗುಮಾಸ್ತರು ಬರಿಗೈಯಲ್ಲಿ ಸಭಾಂಗಣಕ್ಕೆ ಬಂದಾಗ ವೀಕ್ಷಕರು ಆಗಲೇ ಬಂದು ಗಡಿಯಾರ ನೋಡುತ್ತಿದ್ದರು. ಮಂಡಳಿಯ ನಿರ್ದೇಶಕರ ಹಣೆ ಬೆವರಿತ್ತು. ಮುಂದಿನ ಸಾಲಿನಲ್ಲಿ ಸಂಶೋಧಕಿ ತನ್ನ ಕಾಗದಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಬೆರಳುಗಳು ಕಟ್ಟಿನ ದಾರವನ್ನು ಬಿಚ್ಚುತ್ತ ಕಟ್ಟುತ್ತ ಇದ್ದವು. ಹಿಂದೆ ಹನ್ನೆರಡು ಖಾಲಿ ಕುರ್ಚಿ. ಹೆಡ್ ಗುಮಾಸ್ತ ಏನೋ ಮಹಾ ಉಪಾಯ ಮಾಡಿದವನಂತೆ, ಟೀ ಕೊಡಲು ಬಂದ ಟೀ ಅಕ್ಕನನ್ನು ಹಿಡಿದು ಒಂದರಲ್ಲಿ ಕೂರಿಸಿದ.

“ಇವರ ಕೊರಳಲ್ಲಿರೋ ಪಾಸು ಗುತ್ತಿಗೆ ನೌಕರರದು,” ಎಂದರು ವೀಕ್ಷಕರು. “ನೌಕರರು ಸಾರ್ವಜನಿಕರಾಗೋದಿಲ್ಲ.”

“ಗೇಟಿನಾಚೆ ನಾನೂ ಸಾರ್ವಜನಿಕಳೇ ಕಣಪ್ಪ,” ಎಂದು ಟೀ ಅಕ್ಕ ಗೊಣಗುತ್ತ ಎದ್ದಳು. “ಕೂರು ಅಂತಾರೆ, ಏಳು ಅಂತಾರೆ.”

ಗುಮಾಸ್ತರಿಗೆ ಆಗ ಹನ್ನೆರಡು ವರ್ಷದ ಸತ್ಯ ಹೊಳೆಯಿತು. ಸಾರ್ವಜನಿಕನಾದವನು ಈ ಗೇಟು ದಾಟಲಾರ, ಗೇಟು ದಾಟಬಲ್ಲವನು ಸಾರ್ವಜನಿಕನಲ್ಲ. ಆ ನೋಟೀಸನ್ನು ಗೇಟಿನ ಹೊರಗೆ ಹಚ್ಚಬಹುದಿತ್ತು ಎಂಬ ಇನ್ನೊಂದು ಸತ್ಯವೂ ಅದರ ಬೆನ್ನಿಗೇ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೆಡ್ ಗುಮಾಸ್ತ ಅವರನ್ನು ಮೂಲೆಗೆ ಎಳೆದ. “ಒಂದು ದಾರಿ ಇದೆ. ನೀವು ರಾಜೀನಾಮೆ ಕೊಡಿ.”

“ಅಯ್ಯೋ!”

“ಪೂರ್ತಿ ಕೇಳಿ ಸ್ವಾಮಿ. ಅರ್ಧ ಗಂಟೆಗೆ ಮಾತ್ರ. ರಾಜೀನಾಮೆ ಕೊಟ್ಟ ತಕ್ಷಣ ನೀವೂ ಸಾರ್ವಜನಿಕರೇ ತಾನೇ? ಒಂದು ಪ್ರಶ್ನೆ ಕೇಳಿ, ಸಭೆ ಮುಗೀಲಿ, ಕಾಗದ ಹರಿದು ಹಾಕೋಣ. ನಿಮ್ಮ ಕಾಗದ ಮುಂದೆ ಹೋಗೋಕೆ ಆರು ತಿಂಗಳಾದ್ರೂ ಬೇಕು. ಈ ಆಫೀಸು ನಿಮಗೆ ಗೊತ್ತಿಲ್ವಾ?”

ಗುಮಾಸ್ತರು ಸಂಶೋಧಕಿಯ ಕಡೆ ನೋಡಿದರು. ಅವಳು ದಾರವನ್ನು ಗಂಟು ಹಾಕಿಕೊಂಡು, ಬಿಚ್ಚಲಾರದೆ ಒದ್ದಾಡುತ್ತಿದ್ದಳು. ಅವರು ತಮ್ಮ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತು, ಮೊದಲು ತಮ್ಮ ಹೆಸರಿಗೇ ಒಂದು ಪಾಸು ಬರೆದುಕೊಂಡರು. ಅವಧಿ, ಸಭೆ ಮುಗಿಯುವವರೆಗೆ. ಆಮೇಲೆ ರಾಜೀನಾಮೆ ಬರೆದರು. ನೌಕರನಲ್ಲದ ಮೇಲೆ ಪಾಸು ಬರೆಯಲು ಬಾರದಲ್ಲ, ಅದಕ್ಕೇ ಈ ಕ್ರಮ. ನಿಯಮದಲ್ಲಿ ಅವರು ಎಂದೂ ತಪ್ಪಿದವರಲ್ಲ.

ವೀಕ್ಷಕರು ಕಾಗದವನ್ನು ಎರಡು ಸಲ ಓದಿದರು. “ಕೊಟ್ಟರೆ ಸಾಲದು. ಅಂಗೀಕಾರ ಆಗಿರಬೇಕು.”

ನಿರ್ದೇಶಕರು ಜೇಬಿನಿಂದ ಪೆನ್ನು ತೆಗೆದರು. ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಸಹಿ ಬಿತ್ತು, ಸೀಲು ಬಿತ್ತು, ದಾಖಲೆ ಪುಸ್ತಕದಲ್ಲಿ ನಮೂದಾಯಿತು. ಆ ಕಚೇರಿಯ ಇತಿಹಾಸದಲ್ಲಿ ಬಂದ ದಿನವೇ ವಿಲೇವಾರಿಯಾದ ಮೊದಲ ಕಾಗದ ಅದು.

ಗುಮಾಸ್ತರು ತಾವೇ ಒರೆಸಿದ್ದ ಕುರ್ಚಿಯಲ್ಲಿ ಮೊದಲ ಬಾರಿಗೆ ಕೂತರು. ಒಂದು ಕಾಲು ಗಿಡ್ಡವಾಗಿ ಕುರ್ಚಿ ಕುಂಟುತ್ತಿತ್ತು. ಛೆ, ಯಾರಾದರೂ ಬಂದಿದ್ದರೆ ಎಷ್ಟು ಬೇಸರಪಡುತ್ತಿದ್ದರೋ ಎನಿಸಿತು.

“ಸಾರ್ವಜನಿಕರು ಮಾತಾಡಬಹುದು,” ಎಂದರು ವೀಕ್ಷಕರು.

ಗುಮಾಸ್ತರು ಎದ್ದು ನಿಂತರು. ಹೆಡ್ ಗುಮಾಸ್ತ ಒಂದು ಸುಲಭದ ಪ್ರಶ್ನೆ ಬರೆದುಕೊಟ್ಟಿದ್ದ. ಅದು ಕನ್ನಡಕವಿಲ್ಲದೆ ಕಾಣಲಿಲ್ಲ. ಕನ್ನಡಕ ಕೋಣೆಯಲ್ಲೇ ಉಳಿದಿತ್ತು. ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. ಏನಾದರೂ ಹೇಳಲೇಬೇಕಿತ್ತು.

“ನಾನು ಸ್ಥಾವರದ ಹಿಂದಿನ ಬೀದೀಲಿ ಇರೋದು. ಒಬ್ಬನೇ ಇರ್ತೀನಿ. ಹೋದ ವರ್ಷ ಒಂದಿನ ಸೈರನ್ ಕೂಗ್ತು. ಪರೀಕ್ಷೆಗೆ ಕೂಗಿದ್ದೋ ನಿಜವಾಗ್ಲೂ ಏನಾದ್ರೂ ಆಯ್ತೋ ಗೊತ್ತಾಗಲಿಲ್ಲ. ಎಲ್ರೂ ತಮ್ಮತಮ್ಮ ಮನೆಯವ್ರನ್ನ ಕೇಳಿದ್ರು. ನಾನು ಬಾಗಿಲು ತೆಗೆದು ಹೊಸಿಲ ಮೇಲೆ ನಿಂತಿದ್ದೆ. ಯಾರನ್ನ ಕೇಳ್ಲಿ? ಸಂಜೆವರೆಗೂ ಹಾಗೇ ನಿಂತಿದ್ದೆ.” ಅವರು ಸಂಶೋಧಕಿಯ ಕಡೆ ತಿರುಗಿದರು. “ಆ ಪೈಪಲ್ಲಿ ಬಿರುಕು ಬಿಟ್ರೆ ನಿಮ್ಮ ಯಂತ್ರ ಅದನ್ನ ಕಂಡುಹಿಡಿಯತ್ತೆ, ಸರಿ. ನನ್ನಂಥವನ ಬಾಗಿಲಿಗೆ ಬಂದು ಹೇಳೋರು ಯಾರು?”

ಟೀ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಸಂಶೋಧಕಿ ಎದ್ದು ನಿಂತು, ಅವರನ್ನೇ ನೋಡುತ್ತ ಉತ್ತರಿಸಿದಳು.

“ಇದಕ್ಕೆ ಇವತ್ತು ನನ್ನ ಹತ್ರ ಉತ್ತರ ಇಲ್ಲ. ಯಂತ್ರ ಬಿರುಕನ್ನ ಎರಡು ದಿನ ಮೊದಲೇ ಹೇಳತ್ತೆ. ಆದ್ರೆ ಹೇಳೋದು ನಮಗೆ. ನಿಮಗೆ ಹೇಳೋದು ಹೇಗೆ ಅಂತ ಯೋಚನೆ ಮಾಡಿರಲಿಲ್ಲ. ಅದನ್ನೂ ಸಂಶೋಧನೆಗೆ ಸೇರಿಸ್ತೀನಿ.”

ವೀಕ್ಷಕರು ಪೆನ್ನು ಕೆಳಗಿಟ್ಟರು. “ಸಾರ್ವಜನಿಕ ಅಂದ್ರೆ ಹೀಗಿರಬೇಕು. ಇಂಥ ಪ್ರಶ್ನೆ ನಾನು ಎಲ್ಲೂ ಕೇಳಿಲ್ಲ. ಮೂರು ವರ್ಷದ ಅನುದಾನಕ್ಕೆ ಶಿಫಾರಸು ಮಾಡ್ತೀನಿ.”

ಚಪ್ಪಾಳೆ ಬಿತ್ತು. ಸಂಶೋಧಕಿ ಓಡಿಬಂದು, “ಥ್ಯಾಂಕ್ಸ್ ಸರ್! ಎಂಥಾ ನಾಟಕ ಆಡಿದ್ರಿ! ಆಮೇಲೆ ಸಿಗ್ತೀನಿ,” ಎಂದು ಮೂರನೇ ಮಹಡಿಗೆ ಸುದ್ದಿ ಮುಟ್ಟಿಸಲು ಹೋದಳು. ನಾಟಕ ಅಲ್ಲಮ್ಮ ಎನ್ನಬೇಕೆಂದುಕೊಂಡರು ಗುಮಾಸ್ತರು. ಅಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿಯಾಗಿತ್ತು.

ಗುಮಾಸ್ತರು ಮೆಲ್ಲಗೆ ಹೆಡ್ ಗುಮಾಸ್ತನ ಕಡೆ ಬಂದರು. “ಆ ಕಾಗದ...”

ಹೆಡ್ ಗುಮಾಸ್ತ ಚಾವಣಿ ನೋಡಿದ. ನಿರ್ದೇಶಕರು ಕೆಮ್ಮಿದರು. “ಹರಿಯೋದು ದೊಡ್ಡ ವಿಷಯ ಅಲ್ಲ. ಆದ್ರೆ ಹರಿದ್ರೆ ಇವತ್ತಿನ ಸಭೇಲಿ ಸಾರ್ವಜನಿಕರೇ ಇರಲಿಲ್ಲ ಅಂತಾಗತ್ತೆ. ಅನುದಾನ ವಾಪಸ್ ಹೋಗತ್ತೆ. ಆ ಹುಡುಗಿಯ ಗತಿ... ನೀವೇ ಹೇಳಿ.”

ಗುಮಾಸ್ತರಿಗೆ ಒಂದು ಗಳಿಗೆ ನಿರ್ದೇಶಕರ ಕೈಯಿಂದ ಕಾಗದ ಕಿತ್ತುಕೊಳ್ಳೋಣ ಎನಿಸಿದ್ದೂ ನಿಜ. ಆದರೆ ಅವರು ತಲೆಯಾಡಿಸಿ, “ಇರ್ಲಿ ಬಿಡಿ,” ಎಂದರು. ವಾಚ್‌ಮನ್ ಬಂದು, ಸಭೆ ಮುಗಿದ ಮೇಲೆ ಸಾರ್ವಜನಿಕರು ಒಳಗಿರುವಂತಿಲ್ಲ ಎಂದು ಅವರ ಪಾಸು ಹರಿದು, ಮರ್ಯಾದೆಯಿಂದಲೇ ಗೇಟಿನವರೆಗೆ ಕರೆತಂದು ಬಿಟ್ಟ.

ನಾಲ್ಕು ಹೆಜ್ಜೆ ನಡೆದ ಮೇಲೆ ಗುಮಾಸ್ತರಿಗೆ ನೆನಪಾಯಿತು. ಊಟದ ಡಬ್ಬಿ ಕೋಣೆಯಲ್ಲೇ ಇತ್ತು, ಕನ್ನಡಕವೂ. ಮರಳಿ ಬಂದರು.

“ಒಂದ್ನಿಮಿಷ ಒಳಗೆ ಹೋಗಿ ಡಬ್ಬಿ ತಗೊಂಡು ಬರ್ತೀನಪ್ಪ.”

“ಪಾಸು ಸರ್?”

“ಈಗ ತಾನೇ ನೀನೇ ಹರಿದ್ಯಲ್ಲೋ!”

“ಹೊಸದು ಬೇಕು ಸರ್. ತಪ್ಪು ತಿಳ್ಕೋಬೇಡಿ, ರೂಲ್ಸು. ಅಹವಾಲು ಗುಮಾಸ್ತರಿಗೆ ಫೋನ್ ಮಾಡ್ತೀನಿ, ಅವ್ರು ಬರೆದುಕೊಟ್ರೆ ಬಿಡ್ತೀನಿ.” ವಾಚ್‌ಮನ್ ರಿಸೀವರ್ ಎತ್ತಿ ಅಂಕಿ ಒತ್ತಿದ.

ಗೇಟಿನ ಆಚೆ, ನೆಲಮಹಡಿಯ ಕಿಟಕಿಯೊಳಗಿನಿಂದ ಫೋನು ಬಡಿದುಕೊಳ್ಳತೊಡಗಿತು. ಹನ್ನೆರಡು ವರ್ಷ ಪ್ರತಿ ಸೋಮವಾರ ಜೀವ ಇದೆಯೇ ಎಂದು ನೋಡಿದ್ದ ಫೋನು. ಇಷ್ಟು ಗಟ್ಟಿ ದನಿ ಅದಕ್ಕಿದೆಯೆಂದು ಗುಮಾಸ್ತರಿಗೆ ಗೊತ್ತೇ ಇರಲಿಲ್ಲ. ಎತ್ತಿಕೊಳ್ಳಲೆಂದು ಅವರ ಬಲಗೈ ತಾನಾಗಿಯೇ ಮೇಲೆದ್ದು, ಗೇಟಿನ ಸರಳಿಗೆ ತಗುಲಿ ನಿಂತಿತು.

“ಯಾರೂ ಎತ್ತುತ್ತಿಲ್ಲ ಸರ್,” ಎಂದ ವಾಚ್‌ಮನ್. “ಇನ್ನೊಂದ್ಸಲ ಮಾಡ್ತೀನಿ ಇರಿ.”

ಗಂಟೆ ಒಂದೂವರೆ. ಮೂರನೇ ಮಹಡಿಯ ಕಿಟಕಿ ತೆರೆದು ಸಂಶೋಧಕಿ ಬಗ್ಗಿ ನೋಡಿದಳು. ಗೇಟಿನಲ್ಲಿ ಅವರನ್ನು ಕಂಡು ಕೈ ಬೀಸಿದಳು.

“ಊಟ ಆಯ್ತಾ ಸರ್?”

ಒಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು.

“ಆಯ್ತಮ್ಮ,” ಎಂದರು ಗುಮಾಸ್ತರು. “ನಿಂದು?”