ಮೂರು ಪರದೆ, ಎರಡು ಪೆಡಲು

ನನಗೆ ಕಾರು ಓಡಿಸಲು ಬರುವುದಿಲ್ಲ. ಐವತ್ತು ದಾಟಿದ ಮೇಲೆ ಈ ಮಾತು ಒಪ್ಪಿಕೊಳ್ಳುವುದು ಈಜು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಕಷ್ಟ. ಈಜು ಬಾರದವನಿಗೆ ಜನ ‘ಹುಷಾರ್ ರೀ, ಕಾಲುವಿ ಕಡೆ ಹೋಗಬ್ಯಾಡ್ರಿ’ ಎಂದಾದರೂ ಕಾಳಜಿ ತೋರಿಸುತ್ತಾರೆ. ಕಾರು ಬಾರದವನಿಗೆ ‘ಹೌದೇನ್ರಿ?’ ಎಂದು ಹುಬ್ಬೇರಿಸಿ, ಪಕ್ಕದಲ್ಲಿರುವ ಅವನ ಹೆಂಡತಿಯ ಕಡೆ ತಿರುಗಿ, ಕಂಪ್ಲಿ ರಸ್ತೆ ಈಗ ಹೇಗಿದೆ ಎಂದು ವಿಚಾರಿಸುತ್ತಾರೆ.

ನನ್ನ ಹೆಂಡತಿ ಗಿರಿಜಾಗೆ ಆ ರಸ್ತೆಯ ಒಂದೊಂದು ಗುಂಡಿಯೂ ಗೊತ್ತು. ಅವಳು ಕಂಪ್ಲಿಯ ಶಾಲೆಯೊಂದರಲ್ಲಿ ಟೀಚರ್. ದಿನಾ ಕಾರಿನಲ್ಲೇ ಹೋಗಿಬರುತ್ತಾಳೆ. ನಾನು ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನಲ್ಲಿ ಕಾಲುವೆ ಆಫೀಸಿನ ಗುಮಾಸ್ತ. ಕ್ವಾರ್ಟರ್ಸಿನಿಂದ ಆಫೀಸಿಗೆ ನಡೆದೇ ಹೋಗುತ್ತೇನೆ. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. ಎರಡು ಸಲವೂ ಇನ್ಸ್‌ಪೆಕ್ಟರು ಹೇಳಿದ್ದು ಒಂದೇ ಮಾತು: “ಸರ, ನೀವು ಮುಂದ ಭಾಳ ಚಲೋ ನೋಡ್ತೀರಿ. ಆದ್ರ ಎಡಕ್ಕ ಬಲಕ್ಕ ಸೈತ ಜನ ಇರ್ತಾರ್ರಿ.”

ಒಂದು ದಿನ ಊಟಕ್ಕೆ ಕೂತಾಗ ಗಿರಿಜಾ ತೀರ್ಪು ಕೊಟ್ಟಳು. “ಅತ್ತಿಯವ್ರಿಗೆ ಮಣಕಾಲು ನೋವು. ಹಿಂದ ಕುಂದ್ರಾಕ ಆಗವಲ್ದು. ಮುಂದಿನ ಸೀಟು ಇನ್ನ ಅವರದ. ಈ ಸಲ ಪಾಸಾದ್ರ ಸ್ಟೇರಿಂಗು ನಿಮ್ದು. ಫೇಲಾದ್ರ ನೀವು ಕಾಯಂ ಹಿಂದ.” ನಮ್ಮವ್ವ ರೊಟ್ಟಿ ಮುರಿಯುತ್ತಾ, “ಹಂಗ ಮಾಡವ್ವ” ಎಂದಳು. ಹೆತ್ತ ತಾಯಿ! ಮಗನ ಮರ್ಯಾದೆ ತೂಗುತ್ತಿರುವಾಗ ಅವಳಿಗೆ ಸೀಟಿನ ಚಿಂತೆ.

ದಾರಿ ತೋರಿಸಿದವನು ಆಫೀಸಿನ ಗೆಳೆಯ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವಿದೆಯಂತೆ, ಥೇಟ್ ರಸ್ತೆಯ ಹಾಗೇ ಇರುತ್ತದಂತೆ. ಆದರೆ ಒಂದು ಮಾನಿಟರಿನಲ್ಲಿ ಆಡಿದರೆ ಮುಂದಿನ ರಸ್ತೆ ಮಾತ್ರ ಕಾಣುತ್ತದೆ. ಅದು ನನ್ನ ಹಳೆಯ ರೋಗವೇ. ಮೂರು ಮಾನಿಟರ್ ಸಾಲಾಗಿ ಇಟ್ಟರೆ ಎಡಗಡೆಯ ಕಿಟಕಿ, ಬಲಗಡೆಯ ಕಿಟಕಿ ಎರಡೂ ಕಾಣುತ್ತವೆ. ಮನೆಯಲ್ಲಿ ಒಂದಿತ್ತು. ಗೆಳೆಯ ತನ್ನ ಮನೆಯ ಅಟ್ಟದ ಮೇಲಿಂದ ಎರಡು ಇಳಿಸಿಕೊಟ್ಟ. ಮೂರಕ್ಕೂ ಚಿತ್ರ ಒದಗಿಸುವ ಗ್ರಾಫಿಕ್ಸ್ ಕಾರ್ಡ್ ಒಂದು ಬೇಕಿತ್ತು, ಅಷ್ಟೇ.

ಅಷ್ಟೇ ಎಂದುಕೊಂಡು ಹೊಸಪೇಟೆಯಲ್ಲಿ ವೀರೇಶನ ಕಂಪ್ಯೂಟರ್ ಅಂಗಡಿಗೆ ಹೋದೆ. ಗಾಜಿನ ಕಪಾಟಿನೊಳಗೆ ಆ ಕಾರ್ಡುಗಳನ್ನು ಕಂಡು ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತೇನೋ ಅನಿಸಿತು. ಕಾರ್ಡು ಅಂದರೆ ರೇಷನ್ ಕಾರ್ಡಿನಷ್ಟಿರಬಹುದು ಎಂದುಕೊಂಡಿದ್ದೆ. ಇವು ಇಟ್ಟಿಗೆಯಷ್ಟು ದಪ್ಪ, ಮೊಳದುದ್ದ. ಒಂದಕ್ಕೆ ಒಂದು ಫ್ಯಾನು, ಇನ್ನೊಂದಕ್ಕೆ ಎರಡು, ಮಧ್ಯದಲ್ಲಿ ವಿರಾಜಮಾನವಾಗಿದ್ದದ್ದಕ್ಕೆ ಮೂರು. ನಮ್ಮ ಮನೆಯಲ್ಲಿ ಎಲ್ಲಾ ರೂಮು ಸೇರಿದರೂ ಅಷ್ಟು ಫ್ಯಾನಿಲ್ಲ. “ನನ್ನವು ಮೂರು ಮಾನಿಟರು. ಮೂರು ಫ್ಯಾನಿಂದ ಕೊಡಪ” ಎಂದೆ.

ವೀರೇಶ ನಗಲಿಲ್ಲ, ಪಾಪ, ಸಂಸ್ಕಾರವಂತ. “ಫ್ಯಾನ್ ಎಣಿಸಬ್ಯಾಡ್ರಿ ಸರ. ಹಿಂದ ವಯರ್ ಹಾಕೋ ತೂತು ಮೂರು ಅದಾವೋ ಇಲ್ಲೋ ನೋಡ್ರಿ. ಒಂದ ಎತ್ತಿಗೆ ಮೂರು ಬಂಡಿ ಕಟ್ಟಾಕ ಹೊಂಟೀರಿ, ಎತ್ತಿಗೆ ತಾಕತ್ತು ಬೇಕು” ಎಂದ. ನನ್ನ ಜೇಬಿನ ತಾಕತ್ತು ಹೇಳಿದೆ. ಅವನು ಮೂರು ಫ್ಯಾನಿನದನ್ನು ಬಿಟ್ಟು ಎರಡು ಫ್ಯಾನಿನದರ ಹತ್ತಿರ ಕೈ ತಂದು, ಅದನ್ನೂ ಬಿಟ್ಟು ಇನ್ನೂ ಚಿಕ್ಕದನ್ನು ಮುಟ್ಟಿದ. “ಇದು ಸಾಕ್ರಿ. ಆಟದಾಗ ಹುಲ್ಲು, ನೆಳ್ಳು ತಗದು ಆಡ್ರಿ, ಆರಾಮ ಓಡ್ತೈತಿ. ಉಳಿದ ರೊಕ್ಕದಾಗ ಆಟಕ್ಕ ಹಚ್ಚೋ, ಕ್ಲಚ್ ಇರೋ ಮೂರು ಪೆಡಲಿನ ಸ್ಟೇರಿಂಗು ಬರ್ತೈತಿ.”

ಹುಲ್ಲು ನೆರಳು ಇಲ್ಲದ ರಸ್ತೆ ಬೇಸಿಗೆಯ ಹೊಸಪೇಟೆಯವನಿಗೆ ಹೊಸದೇನಲ್ಲ. ಆದರೆ ನನ್ನ ಕಣ್ಣು ಎರಡು ಫ್ಯಾನಿನದರಿಂದ ಕದಲಲೊಲ್ಲದು. “ನನಗ ಕಲಿಬೇಕಾಗಿದ್ದು ನೋಡೋದಪ, ತುಳಿಯೋದಲ್ಲ. ಪೆಡಲು ಎರಡ ಸಾಕು, ಕಾರ್ಡು ದೊಡ್ಡದಿರಲಿ” ಎಂದುಬಿಟ್ಟೆ. ವೀರೇಶ ಏನೋ ಹೇಳಲು ಬಾಯಿ ತೆರೆದು, “ಬಿಚ್ಚಿದ ಮ್ಯಾಲ ವಾಪಸ್ ಇಲ್ರಿ ಸರ” ಎಂದಷ್ಟೇ ಹೇಳಿ ಕಟ್ಟಿಕೊಟ್ಟ.

ನಮ್ಮ ಮನೆಗೆ ಯಾವ ಯಂತ್ರ ಬಂದರೂ ಅವ್ವ ವಿಭೂತಿ ಹಚ್ಚದೆ ಚಾಲೂ ಮಾಡಲು ಬಿಡುವುದಿಲ್ಲ. ಮಿಕ್ಸಿ, ಇನ್ವರ್ಟರ್, ಗಿರಿಜಾಳ ಕಾರು, ಎಲ್ಲಕ್ಕೂ ಮೂರು ಬೆರಳಿನ ಪಟ್ಟೆ ಬಿದ್ದಿದೆ. ಈ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. “ಇದರ ಹಣಿ ಎಲ್ಲೈತಲೇ?” ಪ್ರಶ್ನೆ ನ್ಯಾಯವಾದದ್ದೇ. ಫ್ಯಾನಿಗೆ ಹಚ್ಚಿದರೆ ತಿರುಗಿ ಹಾರಿಹೋಗುತ್ತದೆ. ಕೆಳಗಿನ ಅಂಚಿನಲ್ಲಿ ಚಿನ್ನದ ಬಣ್ಣದ ಗೆರೆಗಳ ಪಟ್ಟಿಯೊಂದು ಪಳಪಳ ಹೊಳೆಯುತ್ತಿತ್ತು. ಇಷ್ಟು ಲಕ್ಷಣವಾದ ಜಾಗ ಹಣೆಯಲ್ಲದೆ ಮತ್ತೇನು? ನಾನೇ ಬೆರಳು ಮಾಡಿ ತೋರಿಸಿದೆ. ಅವ್ವ ವಿಭೂತಿ ಕಲಸಿ ಭಕ್ತಿಯಿಂದ ಬಳಿದಳು. ಅದು ಒಣಗಿದ ಮೇಲೆ ಕಾರ್ಡನ್ನು ಕಂಪ್ಯೂಟರಿನ ಡಬ್ಬಿಯೊಳಗೆ ಕೂರಿಸಿ, ವಯರುಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಮೂರು ಪರದೆಯೂ ಕಪ್ಪಗೇ ಉಳಿದವು.

ವಾಪಸ್ಸಂತೂ ಇಲ್ಲ, ಟೆಸ್ಟಿಗೆ ಇನ್ನು ಹದಿನೈದೇ ದಿನ. ಗಿರಿಜಾ ವೀರೇಶನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. “ಆ ಬಂಗಾರದ ಪಟ್ಟಿಗೆ ಧೂಳು ಹತ್ತೇತೇನ್ರಿ ಸರ?” ಎಂದು ಕೇಳಿದ. “ಧೂಳಲ್ಲಪ, ವಿಭೂತಿ” ಎಂದೆ. ಅವನು ಆಗಲೂ ನಗಲಿಲ್ಲ. “ಕರೆಂಟು ಹರಿಯೋದ ಅಲ್ಲಿಂದ್ರಿ ಸರ. ಸ್ವಿಚ್ ಬಂದ್ ಮಾಡಿ, ಕಾರ್ಡು ಹೊರಗ ತಗದು, ಪೆನ್ಸಿಲ್ ಅಳಿಸೋ ರಬ್ಬರಿಲೆ ಮೆಲ್ಲಕ ತಿಕ್ಕ್ರಿ, ಒಳಗ ಉದುರಿದ್ದು ಒಣ ಬ್ರಶ್ಶಿಲೆ ತಗೀರಿ.” ಟೀಚರ ಮನೆಯಲ್ಲಿ ರಬ್ಬರಿಗೆ ಬರವೇ? ಗಿರಿಜಾ ತಿಕ್ಕಿದಳು, ನಾನು ಊದಿದೆ. ಅವ್ವ, “ಹಣಿ ಗೊತ್ತಿಲ್ಲಂದ್ರ ಗೊತ್ತಿಲ್ಲನಬೇಕಲೇ” ಎಂದು ಬೈಯುತ್ತಾ ಡಬ್ಬಿಯ ಹೊರಮೈಗೆ ಹೊಸದಾಗಿ ಹಚ್ಚಿದಳು.

ಈ ಸಲ ಬೆಳಕಾಯಿತು. ಅಬ್ಬಬ್ಬಾ, ಅದನ್ನು ಹೇಗೆ ಹೇಳಲಿ! ಮೂರು ಪರದೆ ಸೇರಿ ಒಂದೇ ರಸ್ತೆಯಾಯಿತು. ಎಡಗಡೆಯಿಂದ ಮರವೊಂದು ತೇಲಿ ಬಂದು ಹಿಂದೆ ಸರಿಯಿತು, ಬಲಗಡೆಯ ಕನ್ನಡಿಯಲ್ಲಿ ಲಾರಿಯೊಂದು ದೊಡ್ಡದಾಗುತ್ತಾ ಬಂತು. ಗಿರಿಜಾ ಕೆನ್ನೆಗೆ ಕೈ ಹಚ್ಚಿ ನಿಂತಳು. ಅವ್ವ ಕೈ ಮುಗಿದಳು. ಎಡಕ್ಕೂ ಬಲಕ್ಕೂ ಇಷ್ಟೊಂದು ಜಗತ್ತಿದೆ, ಇಷ್ಟು ವರ್ಷ ನಾನು ತಿರುಗಿಯೂ ನೋಡಿರಲಿಲ್ಲವಲ್ಲ! ಅಂದಿನಿಂದ ದಿನಾ ಸಂಜೆ ಆಫೀಸಿನಿಂದ ಬಂದವನೇ ಸ್ಟೇರಿಂಗ್ ಹಿಡಿದು ಕೂತೆ.

ಟೆಸ್ಟಿನ ದಿನ ಕುತ್ತಿಗೆ ನೋಯುವಷ್ಟು ಎಡಕ್ಕೆ, ಬಲಕ್ಕೆ, ಮೂರೂ ಕನ್ನಡಿಯತ್ತ ನೋಡಿದೆ. ಇನ್ಸ್‌ಪೆಕ್ಟರು ಬೆರಗಾದರು. “ಭೇಷ್ ಸರ! ಹಿಂಗ ನೋಡಾವ್ರನ್ನ ನಾ ಕಂಡಿಲ್ಲ. ಇನ್ನ ಗಾಡಿ ಬಿಡ್ರಿ.” ಬಿಟ್ಟೆ. ಗಾಡಿ ಕಪ್ಪೆಯಂತೆ ಜಿಗಿದು ಆಫಾಯಿತು. ಮತ್ತೆ ಹಚ್ಚಿದೆ, ಮತ್ತೆ ಜಿಗಿಯಿತು. ಹದಿನೈದು ದಿನದಲ್ಲಿ ನನ್ನ ಎಡಗಾಲು ಕ್ಲಚ್ಚೆಂಬುದೊಂದಿದೆ ಎನ್ನುವುದನ್ನೇ ಮರೆತು ಕೂತಿತ್ತು. “ನೋಡೋದು ಪಾಸ್ರಿ ಸರ, ಓಡಿಸೋದು ಫೇಲ್” ಎಂದು ಅವರು ಕೆಳಗಿಳಿದರು.

ಕಳೆದ ಭಾನುವಾರ ಹಂಪಿಗೆ ಹೊರಟೆವು. ಮುಂದೆ ಗಿರಿಜಾ, ಅವಳ ಎಡಕ್ಕೆ ಅವ್ವ, ಅವ್ವನ ಹಿಂದೆ ನಾನು. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಎಡಗಡೆ ಬಾಳೆ ತೋಟ, ಬಲಗಡೆ ಬಂಡೆಯ ಗುಡ್ಡ, ನಡುವೆ ರಸ್ತೆ. ಒಂದಕ್ಕೂ ಹುಲ್ಲು ನೆರಳು ಕಡಿಮೆ ಮಾಡಿರಲಿಲ್ಲ. ಬಾಯಿ ತೆರೆದು ನೋಡುತ್ತಾ ಕೂತೆ. ಅಷ್ಟರಲ್ಲಿ ತೋಟದೊಳಗೆ ಏನೋ ಕಪ್ಪಗೆ ಸರಿಯಿತು. “ಎಡಕ್ಕ ಎಮ್ಮಿ!” ಎಂದು ಕೂಗಿದೆ. ಗಿರಿಜಾ ಗಕ್ಕನೆ ನಿಲ್ಲಿಸಿದಳು. ಎಮ್ಮೆ ನಮ್ಮ ಬಂಪರಿನ ಮುಂದೆಯೇ ನಿಧಾನಕ್ಕೆ ದಾಟಿಹೋಯಿತು. “ನನಗ ಕಂಡ ಇರಲಿಲ್ರಿ” ಎಂದಳು ಗಿರಿಜಾ, ಮೊದಲ ಸಲ ನನ್ನತ್ತ ಗೌರವದಿಂದ ತಿರುಗಿ.

ನಾನು ಎದೆ ಉಬ್ಬಿಸುವಷ್ಟರಲ್ಲಿ ಅವ್ವನೂ ತಿರುಗಿದಳು. “ಎಮ್ಮಿ ನೋಡಿದ್ದು ಚಲೋ ಆತು. ನನ್ನ ಸೀಟಿಗೆ ಎರಡೂ ಕಾಲಿಲೆ ಯಾಕಲೇ ಒದ್ದಿ?”

ಬಗ್ಗಿ ನೋಡಿಕೊಂಡೆ. ಬಲಗಾಲು ಬ್ರೇಕ್ ಇರಬೇಕಾದಲ್ಲಿತ್ತು. ಎಡಗಾಲು, ಜೀವಮಾನದಲ್ಲಿ ಮೊದಲ ಸಲ ತಪ್ಪದೆ, ಸರಿಯಾದ ಹೊತ್ತಿಗೆ ಕ್ಲಚ್ ಒತ್ತಿ ನಿಂತಿತ್ತು.